ಡೆಂಗಿ ಪಾಸಿಟಿವ್ ಬಂದ ಮೇಲೂ ಬ್ಯಾಕ್ಟೀರಿಯಾ ಹುಡುಕುವುದು ಹೇಗೆ

ಡೆಂಗಿ ಪತ್ತೆಗೆ ಬಳಸುವ ಎನ್‌ಎಸ್‌1 ಕಾರ್ಡಿನಲ್ಲಿ ಎರಡನೇ ಗೆರೆ ಮೂಡಿದರೆ ಡೆಂಗಿ ಇದೆ ಎಂದಷ್ಟೇ ಅರ್ಥ. ಬೇರೇನೂ ಇಲ್ಲ ಎಂದಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ಭತ್ತದ ನಾಟಿ ಶುರುವಾದಾಗ ಡೆಂಗಿ, ಮಲೇರಿಯಾ, ಟೈಫಾಯ್ಡ್, ಇಲಿಜ್ವರ ಎಲ್ಲವೂ ಒಂದೇ ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿರುತ್ತವೆ. ಡೆಂಗಿಯವರಲ್ಲಿ ಬಹುಪಾಲು ಮಂದಿಗೆ ನೀರು, ಪ್ಯಾರಾಸಿಟಮಾಲ್ ಮತ್ತು ನಿಗಾ ಸಾಕು. ಕೆಲವರಿಗೆ ಮಾತ್ರ ಜೊತೆಗೆ ಬ್ಯಾಕ್ಟೀರಿಯಾ ಸೋಂಕೂ ಇರುತ್ತದೆ. ಆ ಕೆಲವರನ್ನು ಬಿಟ್ಟುಬಿಡಬಾರದು, ಅವರಿಗೆ ಹೆದರಿ ಎಲ್ಲರಿಗೂ ಆ್ಯಂಟಿಬಯಾಟಿಕ್ ಸುರಿಯಲೂಬಾರದು. ಇದಕ್ಕೆ ರಕ್ತಪರೀಕ್ಷೆಯನ್ನು ನಾವು ಬಳಸುವ ರೀತಿಯನ್ನು ಬರೆಯುತ್ತಿದ್ದೇನೆ.

ಸೂಜಿ ಚುಚ್ಚುವ ಮೊದಲು ಕೇಸ್ ಶೀಟಿನ ತುದಿಯಲ್ಲಿ ಜ್ವರದ ದಿನವನ್ನು ಬರೆಯುತ್ತೇವೆ. ಅಡ್ಮಿಟ್ ಆದ ದಿನವನ್ನಲ್ಲ, ಜ್ವರ ಶುರುವಾದ ದಿನದಿಂದ ಎಣಿಸಿದ್ದು. ಮೂರನೇ ದಿನ ಸಹಜ ಎನಿಸುವ ಸಂಖ್ಯೆ ಆರನೇ ದಿನ ಎಚ್ಚರಿಕೆಯಾಗಬಹುದು. ಎರಡನೆಯ ಪ್ರಶ್ನೆ: 'ಬರೋಕಿಂತ ಮೊದ್ಲು ಎಲ್ಲೆರ ಸೂಜಿ ಮಾಡಿಸ್ಕೊಂಡೀರೇನ್ರಿ?' 'ಊರಾಗ ಎರಡು ಸೂಜಿ, ಒಂದು ಬಾಟ್ಲಿ ಹಾಕ್ಯಾರ್ರಿ' ಎಂಬ ಉತ್ತರ ಬಂದರೆ ಖಾಲಿ ವಯಲ್ ಅಥವಾ ಚೀಟಿ ತರಿಸಿ ನೋಡುತ್ತೇವೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಿದ್ದರೆ ನ್ಯೂಟ್ರೋಫಿಲ್ (ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಏರುತ್ತದೆ, ಸೋಂಕಿಲ್ಲದೆಯೂ. ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ಕಲ್ಚರ್‌ನಲ್ಲಿ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದಿರಬಹುದು, ಸೋಂಕಿದ್ದರೂ. ಇದನ್ನು ಕೇಳದೆ ರಿಪೋರ್ಟ್ ಓದಿದರೆ ಎರಡೂ ಕಡೆ ತಪ್ಪುತ್ತೇವೆ. ಪ್ಲೇಟ್‌ಲೆಟ್ ಇಳಿಯುತ್ತಿರುವಾಗ ಸೊಂಟಕ್ಕೆ ಚುಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಆಮೇಲೆ ಕೀವು ತುಂಬಬಹುದು. ಹಾಗಾಗಿ ರೋಗಿಯನ್ನು ಮಗ್ಗುಲಾಗಿಸಿ ಆ ಜಾಗವನ್ನು ಒತ್ತಿ ನೋಡುವುದೂ ಪರೀಕ್ಷೆಯ ಭಾಗವೇ.

ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ, ಅಗ್ಗದ ಪರೀಕ್ಷೆ, ಸರಿಯಾಗಿ ಓದಿದರೆ ಅರ್ಧ ಕೆಲಸ ಅದರಲ್ಲೇ ಮುಗಿಯುತ್ತದೆ. ಡೆಂಗಿಯಲ್ಲಿ ಮೂರು–ನಾಲ್ಕನೇ ದಿನಕ್ಕೆ ಬಿಳಿ ರಕ್ತಕಣ 4,000ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಚೇತರಿಸಿಕೊಳ್ಳುವಾಗ ಅದು ಮತ್ತೆ ಏರುತ್ತದೆ, ಆದರೆ ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು ಹೆಚ್ಚಿರುತ್ತವೆ. ಐದನೇ ದಿನ 12,000 ಎಣಿಕೆ, ಅದರಲ್ಲಿ ನ್ಯೂಟ್ರೋಫಿಲ್ 85 ಶೇಕಡಾ, ಸ್ಟೀರಾಯ್ಡ್ ಕೊಟ್ಟಿಲ್ಲ ಎಂದಾದರೆ ಆ ಏರಿಕೆ ಡೆಂಗಿಯದಲ್ಲ ಎಂದು ಅನುಮಾನಿಸುತ್ತೇವೆ. ಆಗ ಮೆಷಿನ್ ಬಿಟ್ಟು ಸ್ಲೈಡ್‌ಗೆ ಹೋಗಬೇಕು. ಎಣ್ಣೆ ಹಾಕಿ ಸೂಕ್ಷ್ಮದರ್ಶಕದ 100ರ ಲೆನ್ಸಿನಲ್ಲಿ ನೋಡಿದಾಗ ನ್ಯೂಟ್ರೋಫಿಲ್ ಒಳಗೆ ದಪ್ಪ, ಕಪ್ಪು-ನೇರಳೆ ಕಾಳುಗಳು ಚೆಲ್ಲಿದಂತಿವೆಯೇ, ಅಂಚಿನಲ್ಲಿ ಮಾಸಲು ನೀಲಿ ಮಚ್ಚೆ ಇದೆಯೇ, ನ್ಯೂಕ್ಲಿಯಸ್ ಹಾಲೆಗಳಾಗಿ ಒಡೆಯದೆ ಕುದುರೆ ಲಾಳದಂತೆ ಬಾಗಿದ ಎಳೆಯ ಕಣಗಳು ನೂರಕ್ಕೆ ಹತ್ತಕ್ಕಿಂತ ಹೆಚ್ಚಿವೆಯೇ ಎಂದು ನೋಡುತ್ತೇವೆ. ಬರೀ ಸ್ಟೀರಾಯ್ಡ್‌ನಿಂದ ಎಣಿಕೆ ಏರಿದ್ದರೆ ಇಂಥ ಎಳೆಯ ಕಣಗಳು ಇಷ್ಟೊಂದು ಕಾಣುವುದಿಲ್ಲ. ಸ್ಮಿಯರನ್ನು, ಅಂದರೆ ಸ್ಲೈಡ್ ಮೇಲಿನ ರಕ್ತದ ತೆಳು ಪದರವನ್ನು, ರಕ್ತ ತೆಗೆದ ಒಂದು ಗಂಟೆಯೊಳಗೆ ಎಳೆಯಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ, ಅದೂ ರಾಯಚೂರಿನ ಸೆಕೆಯಲ್ಲಿ, ಗಂಟೆಗಟ್ಟಲೆ ಇಟ್ಟ ರಕ್ತದ ಕಣಗಳಲ್ಲಿ ತಾವಾಗಿಯೇ ಗುಳ್ಳೆಗಳು ಮೂಡುತ್ತವೆ. ಅದನ್ನು ಸೋಂಕಿನ ಗುರುತೆಂದು ಓದಿಬಿಡುವ ಅಪಾಯವಿದೆ. ಅದೇ ಸ್ಲೈಡಿನ ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿವೆಯೇ, ಮಲೇರಿಯಾ ಪರೋಪಜೀವಿ ಇದೆಯೇ ಎಂಬುದನ್ನೂ ನೋಡಿಬಿಡಬೇಕು.

ಟೈಫಾಯ್ಡ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಬ್ಯಾಕ್ಟೀರಿಯಾ ಆದರೂ ಎಣಿಕೆ ಏರಿಸುವುದಿಲ್ಲ, ಎಷ್ಟೋ ಸಲ ಇಳಿಸುತ್ತದೆ. ಡೆಂಗಿ ಪಾಸಿಟಿವ್ ಆದವರಿಗೆ ಏಳನೇ ದಿನವೂ ಜ್ವರ ಬಿಡದೆ, ಎಣಿಕೆ ಕಡಿಮೆಯೇ ಇದ್ದು, ಇಯೊಸಿನೋಫಿಲ್ ಎಂಬ ಬಿಳಿ ಕಣ ಸೊನ್ನೆ ಎಂದಿದ್ದರೆ ಕಲ್ಚರ್ ಕಳಿಸುತ್ತೇವೆ. ಟೈಫಾಯ್ಡ್ ಪ್ರತಿಕಾಯ ಹುಡುಕುವ ವಿಡಾಲ್ ಪರೀಕ್ಷೆಯ ಒಂದೇ ಒಂದು ಪಾಸಿಟಿವ್ ನಂಬಿ ಟೈಫಾಯ್ಡ್ ಎನ್ನುವುದಿಲ್ಲ. ಹಿಂದೆಂದೋ ಬಂದ ಸೋಂಕಿನ ಪ್ರತಿಕಾಯಗಳೂ ಅದರಲ್ಲಿ ಕಾಣಿಸಿಕೊಳ್ಳುತ್ತವೆ.

ದೇಹದಲ್ಲಿ ಉರಿಯೂತವಾದಾಗ ರಕ್ತದಲ್ಲಿ ಏರುವ ಪ್ರೋಟೀನ್ ಸಿಆರ್‌ಪಿ. ಅದರ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಅಳತೆಯ ಘಟಕ. ಒಂದು ಲ್ಯಾಬ್ ಲೀಟರಿಗೆ ಮಿಲಿಗ್ರಾಂ ಎಂದು ಬರೆದರೆ ಇನ್ನೊಂದು ಡೆಸಿಲೀಟರಿಗೆ ಮಿಲಿಗ್ರಾಂ ಎಂದು ಬರೆಯುತ್ತದೆ. ಒಂದರ 8 ಇನ್ನೊಂದರ 80. ಸ್ಲೈಡ್ ಮೇಲೆ ಲ್ಯಾಟೆಕ್ಸ್ ಹನಿ ಬೆರೆಸಿ 'ಪಾಸಿಟಿವ್' ಎಂದಷ್ಟೇ ಬರೆದ ರಿಪೋರ್ಟ್ ಈ ಕೆಲಸಕ್ಕೆ ಬರುವುದಿಲ್ಲ. ಅದರ ಗಡಿ ಲೀಟರಿಗೆ ಸುಮಾರು 6 ಮಿ.ಗ್ರಾಂ, ವೈರಲ್ ಜ್ವರವೂ ಅದನ್ನು ಸುಲಭವಾಗಿ ದಾಟುತ್ತದೆ. ಸಂಖ್ಯೆಯನ್ನೇ ಕೇಳಬೇಕು. ತೊಡಕಿಲ್ಲದ ಡೆಂಗಿಯಲ್ಲಿ ಲೀಟರಿಗೆ 20ರ ಆಸುಪಾಸು ಇದ್ದರೆ ನಾವು ಕಾಯುತ್ತೇವೆ, 100 ದಾಟಿದರೆ ಬ್ಯಾಕ್ಟೀರಿಯಾದ ಜಾಗ ಹುಡುಕಲು ಹೊರಡುತ್ತೇವೆ. ನಡುವಿನದು ಬೂದು ಬಣ್ಣದ ಪಟ್ಟಿ. ತೀವ್ರ ಫ್ಲೂ, ಕೋವಿಡ್ ಎರಡೂ ತಾವಾಗಿಯೇ 100 ದಾಟಿಸಬಲ್ಲವು ಎಂಬುದನ್ನೂ ಮರೆಯುವಂತಿಲ್ಲ. ಸಿಆರ್‌ಪಿ ಏರಲು 6ರಿಂದ 12 ಗಂಟೆ ಬೇಕು, ತುದಿ ಮುಟ್ಟಲು ಸುಮಾರು ಎರಡು ದಿನ. ಆದ್ದರಿಂದ ರಾತ್ರಿ ನಡುಕ ಬಂದವರ ಬೆಳಗಿನ ಸಿಆರ್‌ಪಿ ಕಡಿಮೆ ಇದೆ ಎಂದು ನಿರಾಳರಾಗಬೇಡಿ. 24 ಗಂಟೆ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಿ, ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ.

ಬ್ಯಾಕ್ಟೀರಿಯಾ ಸೋಂಕಿನ ಇನ್ನೊಂದು ಗುರುತಾದ ಪ್ರೊಕ್ಯಾಲ್ಸಿಟೋನಿನ್ ದುಬಾರಿ ಪರೀಕ್ಷೆ. ಉತ್ತರದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಮಾತ್ರ ಬರೆಯುತ್ತೇವೆ, ಕೂಲಿ ಮಾಡುವವರ ದುಡ್ಡು ಸುಮ್ಮನೆ ಖರ್ಚಾಗಬಾರದು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ದೇಹದ ಬೇರೆಬೇರೆ ಅಂಗಾಂಶಗಳು ಇದನ್ನು ತಯಾರಿಸುತ್ತವೆ. ವೈರಸ್ ಸೋಂಕಿನಲ್ಲಿ ಹೊಮ್ಮುವ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನ್ ಆ ತಯಾರಿಕೆಯನ್ನು ತಡೆಯುತ್ತದೆ. ಹಾಗಾಗಿಯೇ ಎರಡರ ನಡುವೆ ವ್ಯತ್ಯಾಸ ಕಾಣುವುದು. 4ರಿಂದ 6 ಗಂಟೆಯಲ್ಲಿ ಏರತೊಡಗಿ, ಸೋಂಕು ಹತೋಟಿಗೆ ಬಂದ ಮೇಲೆ ದಿನಕ್ಕೆ ಹೆಚ್ಚುಕಡಿಮೆ ಅರ್ಧದಂತೆ ಇಳಿಯುತ್ತದೆ. ಎದೆಯ ಸೋಂಕಿನಲ್ಲಿ ಮಿಲಿಲೀಟರಿಗೆ 0.25 ನ್ಯಾನೋಗ್ರಾಂಗಿಂತ ಕಡಿಮೆ ಇದ್ದು ರೋಗಿ ಸ್ಥಿರವಾಗಿದ್ದರೆ ಆ್ಯಂಟಿಬಯಾಟಿಕ್ ಹಿಡಿದಿಟ್ಟು 6ರಿಂದ 24 ಗಂಟೆಯೊಳಗೆ ಮತ್ತೆ ನೋಡುತ್ತೇವೆ. 0.5 ದಾಟಿದರೆ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಜೋರು. ಆದರೆ ಮಲೇರಿಯಾ, ಕಿಡ್ನಿ ವೈಫಲ್ಯ, ಡೆಂಗಿ ಶಾಕ್ (ಡೆಂಗಿಯಿಂದ ರಕ್ತಸಂಚಾರ ಕುಸಿಯುವುದು), ದೊಡ್ಡ ಆಪರೇಷನ್, ಇವೆಲ್ಲ ಬ್ಯಾಕ್ಟೀರಿಯಾ ಇಲ್ಲದೆಯೇ ಏರಿಸುತ್ತವೆ. ಗೋಡೆ ಕಟ್ಟಿಕೊಂಡ ಕೀವುಗಡ್ಡೆ, ಕ್ಷಯ, ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇದ್ದೂ ಏರದಿರಬಹುದು. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಕಣ್ಣು ಕೆಂಪಾಗಿ, ಮೀನಖಂಡ ಮುಟ್ಟಿದರೆ ನೋವಿದ್ದು, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿದ್ದರೆ ಇಲಿಜ್ವರವನ್ನು ನೆನೆಯಬೇಕು. ಕಂಕುಳು, ತೊಡೆಸಂದಿಯಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ ಕಂಡರೆ ಸ್ಕ್ರಬ್ ಟೈಫಸ್. ಅದಕ್ಕೆ ಡಾಕ್ಸಿಸೈಕ್ಲಿನ್ ಬೇಕು, ಸೆಫ್ಟ್ರಿಯಾಕ್ಸೋನ್ ಕೆಲಸ ಮಾಡುವುದಿಲ್ಲ.

ಕಲ್ಚರ್ ಅನ್ನು ಆ್ಯಂಟಿಬಯಾಟಿಕ್‌ನ ಮೊದಲ ಡೋಸ್‌ಗಿಂತ ಮುಂಚೆ ತೆಗೆಯಬೇಕು. ವಯಸ್ಕರಿಗೆ ಎರಡು ಕೈಯಿಂದ ಎರಡು ಸಲ ಚುಚ್ಚಿ, ಒಂದೊಂದು ಬಾಟಲಿಗೆ 8ರಿಂದ 10 ಮಿ.ಲೀ. ತೆಗೆಯುತ್ತೇವೆ. ಆಗಲೇ ಹಾಕಿದ ಕ್ಯಾನುಲಾದಿಂದ (ರಕ್ತನಾಳದಲ್ಲಿ ಇಟ್ಟಿರುವ ಕೊಳವೆ) ತೆಗೆಯುವುದಿಲ್ಲ. ಸ್ಪಿರಿಟ್ ಬೆರೆತ 2 ಶೇಕಡಾ ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮವನ್ನು 30 ಸೆಕೆಂಡ್ ಉಜ್ಜಿ, ಪೂರ್ತಿ ಒಣಗಲು ಬಿಡಬೇಕು. ಊದಿ ಒಣಗಿಸಬಾರದು, ಒರೆಸಿದ ಮೇಲೆ ನರ ಹುಡುಕಲು ಮತ್ತೆ ಬೆರಳು ಇಡಬಾರದು. ಕಲ್ಚರ್ ಕೆಡುವುದು ಹೆಚ್ಚಾಗಿ ಆ ಬೆರಳಿನಿಂದಲೇ. ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಕಾಣುವ ರಬ್ಬರನ್ನೂ ಸ್ಪಿರಿಟ್‌ನಿಂದ ಒರೆಸಬೇಕು, ಅದು ಸ್ಟೆರೈಲ್ ಅಲ್ಲ. ಕಲ್ಚರ್ ಬಾಟಲಿ ಮೊದಲು, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಆಮೇಲೆ. ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಚುಚ್ಚಿದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯಬೇಕು. ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದು, ಐಸ್ ಪ್ಯಾಕ್ ಜೊತೆ ರಾಯಚೂರಿಗೆ ಕಳಿಸಲೂಬಾರದು, ತಣ್ಣಗಾದರೆ ಕೆಲವು ಜಾತಿಯ ಬ್ಯಾಕ್ಟೀರಿಯಾ ಸಾಯುತ್ತವೆ. ಹಾಗೆಂದು ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮೇಲೂ ಬೇಡ. ಎರಡರಲ್ಲಿ ಒಂದರಲ್ಲಿ ಮಾತ್ರ ಚರ್ಮದ ಮೇಲೆ ಸಹಜವಾಗಿರುವ ಸ್ಟಾಫಿಲೋಕಾಕಸ್ ಬ್ಯಾಕ್ಟೀರಿಯಾ ಬೆಳೆದರೆ ಅದು ಬಹುತೇಕ ಚರ್ಮದಿಂದ ಸೇರಿದ್ದು. ಎರಡರಲ್ಲೂ ಬೆಳೆದರೆ ಕ್ಯಾನುಲಾ ಜಾಗ ಬಿಚ್ಚಿ ನೋಡಬೇಕು.

ಬಿಪಿ ಇಳಿದು, ಉಸಿರಾಟ ನಿಮಿಷಕ್ಕೆ 30 ದಾಟಿ, ಮಾತು ತೊದಲುತ್ತಿದ್ದರೆ ಈ ಯಾವ ಸಂಖ್ಯೆಗೂ ಕಾಯುವುದಿಲ್ಲ. ಕಲ್ಚರ್ ಎಳೆದು ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಹಾಕುತ್ತೇವೆ, ಡೆಂಗಿಯ ಫ್ಲೂಯಿಡ್ ಲೆಕ್ಕ ಬೇರೆಯಾಗಿ ನಡೆಯುತ್ತಿರುತ್ತದೆ. ಫ್ಲೂ ಜ್ವರ ಬಿಟ್ಟು ಎರಡು ದಿನ ಚೆನ್ನಾಗಿದ್ದವರಿಗೆ ಮತ್ತೆ ಜ್ವರ, ಕಫದ ಬಣ್ಣ ಬದಲು ಎಂದರೂ ಅಷ್ಟೇ ತುರ್ತು. 1918ರ ಫ್ಲೂನಲ್ಲಿ ಸತ್ತ ಬಹುಪಾಲು ಜನರ ಶ್ವಾಸಕೋಶದಲ್ಲಿ ಹೀಗೆ ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಇತ್ತು.

ಶುರು ಮಾಡಿದ ಆ್ಯಂಟಿಬಯಾಟಿಕ್ ನಿಲ್ಲಿಸಲೂ ಇವೇ ಪರೀಕ್ಷೆಗಳು ನೆರವಾಗುತ್ತವೆ. 48 ಗಂಟೆಯ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಮುಂಚೆ ಹೊರಗೆ ಔಷಧಿ ಆಗಿಲ್ಲ, ಸಿಆರ್‌ಪಿ ಕಡಿಮೆಯೇ ಉಳಿದಿದೆ, ಸೋಂಕಿನ ಜಾಗವೂ ಸಿಕ್ಕಿಲ್ಲ ಎಂದರೆ ನಿಲ್ಲಿಸುತ್ತೇವೆ. ಬ್ಯಾಕ್ಟೀರಿಯಾ ಇದ್ದದ್ದೇ ನಿಜವಾದರೆ, ರೋಗಿ ಸುಧಾರಿಸಿ ಪ್ರೊಕ್ಯಾಲ್ಸಿಟೋನಿನ್ ತುದಿಯಿಂದ 80 ಶೇಕಡಾ ಇಳಿದಾಗ ಅಥವಾ 0.5ಕ್ಕಿಂತ ಕೆಳಗೆ ಬಂದಾಗ ನಿಲ್ಲಿಸುವ ಮಾತು ಎತ್ತುತ್ತೇವೆ. ಟೈಫಾಯ್ಡ್‌ನಲ್ಲಿ, ರಕ್ತದಲ್ಲಿ ಸ್ಟಾಫಿಲೋಕಾಕಸ್ ಆರಿಯಸ್ ಬೆಳೆದವರಲ್ಲಿ ಈ ಇಳಿಕೆ ನೋಡಿ ನಿಲ್ಲಿಸುವುದಿಲ್ಲ, ಗೊತ್ತುಮಾಡಿದಷ್ಟು ದಿನ ಪೂರ್ತಿ ಕೊಡುತ್ತೇವೆ. 'ಸೂಜಿ ಯಾಕ ನಿಲ್ಲಿಸೀರಿ, ಇನ್ನಾ ಪ್ಲೇಟ್‌ಲೆಟ್ 60 ಸಾವಿರನೇ ಅದಲ್ರಿ' ಎಂದು ಮನೆಯವರು ಕೇಳಿದರೆ ಚಾರ್ಟ್ ಮುಂದಿಟ್ಟು ತೋರಿಸುತ್ತೇವೆ: ಪ್ಲೇಟ್‌ಲೆಟ್ ಗೆರೆ ಬೇರೆ, ಸೂಜಿ ಇದ್ದದ್ದು ಸೋಂಕು ತೋರಿಸುವ ಈ ಇನ್ನೊಂದು ಗೆರೆಗೆ, ಅದು ಈಗ ಕೆಳಗಿಳಿದಿದೆ.