ಮರದಣಬೆ: ಆಯುವುದು, ಒಣಗಿಸುವುದು, ಕಷಾಯ ಮಾಡುವುದು

ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಮರದ ಬುಡಕ್ಕೆ ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಗಂದು ತಟ್ಟೆ ಮೂಡಿತೆಂದರೆ ತೋಟದವರ ಎದೆ ಧಸಕ್ ಅನ್ನುತ್ತದೆ. ಅದು ಅಣಬೆ ರೋಗ, ಆ ಮರ ಇನ್ನು ಹೆಚ್ಚು ದಿನ ಇಲ್ಲ. ಅದೇ ಗ್ಯಾನೋಡರ್ಮಾ ಕುಲದ ಅಣಬೆಯನ್ನು ಪುಡಿ ಮಾಡಿ ಕ್ಯಾಪ್ಸೂಲಿಗೆ ತುಂಬಿ, ‘ರೀಷಿ’ ಅಂತ ಹೆಸರು ಹೇಳಿ ಮನೆ ಬಾಗಿಲಿಗೆ ತಂದು ಮಾರುವವರೂ ಇದ್ದಾರೆ. ಒಂದೇ ಕುಲ, ಎರಡು ಮುಖ. ಹೀಗಾಗಿ ನಾನು ಮರದಣಬೆ ಆಯುವಾಗ ಅಣಬೆಗಿಂತ ಮೊದಲು ಮರವನ್ನು ಓದುತ್ತೇನೆ: ಯಾವ ಮರ, ಯಾರ ಜಾಗ, ಬುಡಕ್ಕೆ ಏನೇನು ಸುರಿದಿದ್ದಾರೆ. ಹತ್ತು ಕಂಡರೆ ಮನೆಗೆ ಬರುವುದು ಒಂದೋ ಎರಡೋ.

ಅಡಿಕೆ, ತೆಂಗಿನ ಬುಡದ್ದನ್ನು ನಾನು ತರುವುದೇ ಇಲ್ಲ. ಅಣಬೆ ರೋಗಕ್ಕೆ ಹಿಂದೆ ಟ್ರೈಡೆಮಾರ್ಫ್ ಸುರಿಯುತ್ತಿದ್ದರು (2018ರಲ್ಲಿ ನಿಷೇಧವಾಯಿತು), ಈಗ ಹೆಕ್ಸಾಕೊನಜೋಲ್‌ನಂಥ ಶಿಲೀಂಧ್ರನಾಶಕವನ್ನು ಬುಡಕ್ಕೆ ಸುರಿಯುತ್ತಾರೆ, ಇಲ್ಲವೇ ಬೇರಿಗೆ ಪೊಟ್ಟಣ ಕಟ್ಟಿ ಉಣಿಸುತ್ತಾರೆ. ಗೊನೆಗೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತವೂ ಕಾಂಡದ ಮೇಲೆ ಇಳಿದು ಸೇರುವುದು ಅದೇ ಬುಡಕ್ಕೆ. ‘ನಾವು ಏನೂ ಹಾಕಿಲ್ಲ’ ಎಂದು ತೋಟದವರು ಹೇಳಿದರೂ, ಗುತ್ತಿಗೆದಾರ ಹೋದ ವರ್ಷ ಏನು ಹೊಡೆದ ಅನ್ನುವುದು ಅವರಿಗೇ ನೆನಪಿರುವುದಿಲ್ಲ.

ರಾಷ್ಟ್ರೀಯ ಹೆದ್ದಾರಿ 48ರ ಬದಿಯ ಗುಲ್‌ಮೊಹರ್, ಹುಣಸೆಯಲ್ಲಿ ಚೆಂದದ ತಟ್ಟೆಗಳು ಸಿಗುತ್ತವೆ. ಅವೂ ಬೇಡ. ಅಣಬೆಗಳು ಭಾರಲೋಹಗಳನ್ನು ಹೀರಿ ಕೂಡಿಟ್ಟುಕೊಳ್ಳುತ್ತವೆ, ಕುದಿಸಿದರೆ ಲೋಹ ಆವಿಯಾಗಿ ಹೋಗುವುದಿಲ್ಲ. ಇಂಗಳದಾಳಿನ ಹಳೇ ತಾಮ್ರದ ಗಣಿಯ ಸುತ್ತ, ಹೊಳಲ್ಕೆರೆ–ಹೊಸದುರ್ಗದ ಅದಿರು ಲಾರಿ ಓಡಾಡುವ ದಾರಿ, ಇವಕ್ಕೂ ಇದೇ ಲೆಕ್ಕ. ಜೋಗಿಮಟ್ಟಿ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಜೀವಿಧಾಮಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಲ್ಲಿಂದ ಒಣ ಕಡ್ಡಿ ತರಲೂ ಅನುಮತಿ ಬೇಕು, ಅಣಬೆ ಅದಕ್ಕೆ ಹೊರತಲ್ಲ. ಕಾಸರಕ, ಕಣಗಿಲೆಯಂಥ ವಿಷದ ಗಿಡಮರದ್ದನ್ನೂ ಬಿಡುತ್ತೇನೆ. ಮರದ ವಿಷ ಅಣಬೆಗೆ ಎಷ್ಟು ಇಳಿದಿದೆ ಎಂದು ಅಡುಗೆಮನೆಯಲ್ಲಿ ಅಳೆಯುವ ದಾರಿ ಇಲ್ಲ.

ಉಳಿಯುವುದು ಹೊಲದ ಬದುವಿನ ಹೊಂಗೆ, ಮಾವು, ಹುಣಸೆ. ಮಾಲೀಕರನ್ನು ಕೇಳಿ, ಔಷಧಿ ಸೋಕದ ಮರವೆಂದು ಖಾತ್ರಿ ಮಾಡಿಕೊಂಡು ತೆಗೆಯುತ್ತೇನೆ. ಹೊಂಗೆ ಮತ್ತು ಗುಲ್‌ಮೊಹರ್ ಅಡಿಕೆಯ ಅಣಬೆ ರೋಗಕ್ಕೂ ಆಶ್ರಯ ಕೊಡುವ ಮರಗಳು, ಅವನ್ನು ತೋಟದ ಅಂಚಿಗೆ ಬೆಳೆಸಬೇಡಿ ಎಂದು ಕೃಷಿ ತಜ್ಞರು ಹೇಳುವುದು ಇದಕ್ಕೇ. ಅಂಥ ಮರದಿಂದ ಕಿತ್ತ ಅಣಬೆಯನ್ನು ಚೀಲದೊಳಗೆ ಹಾಕಿ ಬಾಯಿ ಕಟ್ಟಿಯೇ ಅಡಿಕೆ ತೋಟ ದಾಟಬೇಕು, ಕತ್ತಿಯನ್ನೂ ತೊಳೆಯಬೇಕು. ಇನ್ನೊಂದು ಮಾತು: ಅಣಬೆ ಬಂದ ಮರದ ಒಳಗು ಕೊಳೆತಿರುತ್ತದೆ. ಗಾಳಿ ಇರುವ ದಿನ ಅದರ ಕೊಂಬೆ ಹತ್ತಬೇಡಿ, ಕೆಳಗೂ ನಿಲ್ಲಬೇಡಿ.

ಹಂಗಾಮು ಮಳೆ ನಕ್ಷತ್ರದ ಲೆಕ್ಕದಲ್ಲಿ ಹೇಳುವುದೇ ಸುಲಭ. ಪುನರ್ವಸು, ಪುಷ್ಯ ಚೆನ್ನಾಗಿ ಹಿಡಿದರೆ ಬುಡದಲ್ಲಿ ಹೆಬ್ಬೆರಳ ತುದಿಯಂಥ ಬಿಳಿ ಗುಬಟು ಏಳುತ್ತದೆ. ಮಖೆ, ಹುಬ್ಬೆಯ ಹೊತ್ತಿಗೆ ಅದು ಬೀಸಣಿಗೆಯಂತೆ ಅಗಲವಾಗಿ, ಮರದ ಕಡೆಯಿಂದ ಕೆಂಪಾಗುತ್ತಾ ಬರುತ್ತದೆ: ಬುಡ ಕೆಂಗಂದು, ನಡುವೆ ಹಳದಿ, ಅಂಚು ಬಿಳಿ. ಆ ಬಿಳಿ ಅಂಚು ದಾರದಷ್ಟು ಉಳಿದಾಗ ಕೊಯ್ಯಬೇಕು. ಮೊದಲೇ ಕೊಯ್ದರೆ ಬರೀ ನೀರು. ಅಂಚು ಪೂರ್ತಿ ಕೆಂಪಾಗಿ ಅಡಿಭಾಗ ಕಂದಾಯಿತೆಂದರೆ ಒಳಗೆ ಕುಟ್ಟೆ ಹುಳ ಮನೆ ಮಾಡಿರುತ್ತದೆ. ಹೋದ ವರ್ಷದ ಕರಿ ತಟ್ಟೆ ಮರಕ್ಕೇ ಇರಲಿ. ಚಳ್ಳಕೆರೆ, ಹಿರಿಯೂರಿನ ಬಯಲಲ್ಲಿ ಮುಂಗಾರು ಕೈಕೊಟ್ಟ ವರ್ಷ ಇವೆಲ್ಲ ಹಸ್ತ, ಚಿತ್ತೆಯವರೆಗೂ ಮುಂದಕ್ಕೆ ಹೋಗುತ್ತವೆ.

ಈಗ ಗುರುತು. ಮೇಲಿನ ಬಣ್ಣ ನೋಡಿ ಹೆಸರು ಹೇಳುವವರೇ ಹೆಚ್ಚು ತಪ್ಪುವುದು. ಮರದಣಬೆಯ ಜಾತಕ ಇರುವುದು ಅಡಿಯಲ್ಲಿ. ತಟ್ಟೆಯನ್ನು ಮಗುಚಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿಯುತ್ತೇನೆ. ಕೊಡೆಯಣಬೆಯಂತೆ ಪದರ ಪದರ ಗೆರೆ ಕಂಡರೆ ಅಲ್ಲಿಗೆ ಮುಗಿಯಿತು, ಅದು ನನ್ನ ಚೀಲಕ್ಕಿಲ್ಲ. ಗ್ಯಾನೋಡರ್ಮಾದ ಅಡಿಯಲ್ಲಿ ಸೂಜಿ ಚುಚ್ಚಿದಂಥ ದುಂಡು ರಂಧ್ರಗಳಿರುತ್ತವೆ, ಸ್ಕೇಲ್ ಇಟ್ಟು ಎಣಿಸಿದರೆ ಒಂದು ಮಿಲಿಮೀಟರಿಗೆ 4ರಿಂದ 6. ಎಳೆಯದಾಗಿದ್ದಾಗ ಅಡಿ ಬಿಳಿ ಅಥವಾ ಕೆನೆ ಬಣ್ಣ. ಉಗುರಿನಿಂದ ಗೀರಿದರೆ ಗೀರು ಕಂದಾಗಿ ಹಾಗೇ ನಿಲ್ಲುತ್ತದೆ. ಮುರಿದರೆ ಒಳಗು ಬೆಂಡಿನಂತೆ, ಕಂದು. ನಾಲಿಗೆಗೆ ಕಹಿ, ಆದರೆ ರುಚಿ ನೋಡುವುದನ್ನು ಗುರುತಿನ ಪರೀಕ್ಷೆ ಮಾಡಿಕೊಳ್ಳಬೇಡಿ.

ಕೊನೆಯ ಸಾಕ್ಷಿ ಬೀಜಕ, ಅಂದರೆ ಅಣಬೆ ಉದುರಿಸುವ ಬೀಜದಂಥ ಧೂಳು. ತಟ್ಟೆಯನ್ನು ಅಡಿ ಕೆಳಗಾಗಿ ಬಿಳಿ ಕಾಗದದ ಮೇಲಿಟ್ಟು ಬೋಗುಣಿ ಮುಚ್ಚಿ ಒಂದು ದಿನ ಬಿಟ್ಟರೆ ಗ್ಯಾನೋಡರ್ಮಾ ಕೋಕೋ ಪುಡಿಯಂಥ ಕಂದು ಧೂಳು ಉದುರಿಸುತ್ತದೆ. ಮರದಲ್ಲಿರುವಾಗಲೇ ಅದರ ಮೇಲೆ, ಸುತ್ತಲಿನ ಎಲೆಯ ಮೇಲೆ ಈ ಧೂಳು ಕೂತಿರುವುದುಂಟು. ಹೊಸಬರು ಇದನ್ನು ಮಣ್ಣೆಂದು ಒರೆಸಿಬಿಡುತ್ತಾರೆ, ಇದ್ದ ಗುರುತೂ ಹೋಗುತ್ತದೆ. ಉಬ್ಬಸ ಇರುವವರು ಈ ಧೂಳಿನಿಂದ ದೂರ ಇರಬೇಕು, ಉಳಿದವರೂ ಮಾಸ್ಕ್ ಹಾಕಿಕೊಳ್ಳಿ.

ಇದೇ ಕುಲದಲ್ಲಿ ಹೊಳಪಿಲ್ಲದ, ಬೂದುಗಂದು ಬಣ್ಣದ, ಆನೆಯ ಪಾದದಂತೆ ಒರಟಾದದ್ದೂ ಇದೆ, ಗ್ಯಾನೋಡರ್ಮಾ ಅಪ್ಲನೇಟಮ್ ಗುಂಪು. ಅದರ ಬಿಳಿ ಅಡಿಯ ಮೇಲೆ ಕಡ್ಡಿಯಿಂದ ಚಿತ್ರ ಬರೆದರೆ ಒಣಗಿದ ಮೇಲೂ ಉಳಿಯುತ್ತದೆ. ಕಷಾಯಕ್ಕೆ ನಾನು ಬಳಸುವುದಿಲ್ಲ, ಕೊಯ್ಯುವುದೇ ಒಂದು ಸಾಹಸ.

ಉಳಿದವನ್ನು ಬೇಗ ಮುಗಿಸುತ್ತೇನೆ. ಜಾಲಿ ಮರದ ಮೈಮೇಲೆ ಎತ್ತಿನ ಗೊರಸಿನಂತೆ ಅಂಟಿ, ಮೇಲೆ ಬಿರುಕು ಬಿಟ್ಟು, ಕಟ್ಟಿಗೆಗಿಂತ ಗಟ್ಟಿಯಾಗಿ ಕೂತದ್ದು ಫೆಲ್ಲಿನಸ್ ಗುಂಪಿನದು. ತಿರುಳಿನ ಮೇಲೆ ಶೇ. 5ರ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟರೆ ಕಪ್ಪಾಗುತ್ತದೆ (ಚರ್ಮ ಸುಡುವ ದ್ರಾವಣ, ಕೈಗವಸು ಬೇಕು). ಮಹಾರಾಷ್ಟ್ರದ ಕಡೆ ಹಲಸಿನ ಮರದ ಇಂಥದೊಂದನ್ನು ತೇಯ್ದು ಬಾಯಿಹುಣ್ಣಿಗೆ, ವಸಡಿಗೆ ಹಚ್ಚುವ ರೂಢಿ ಇದೆ, ಫಣಸಾಂಬ ಅನ್ನುತ್ತಾರೆ. ನಮ್ಮ ಜಾಲಿಯದ್ದು ಅದಲ್ಲ. ಸತ್ತ ಮಾವಿನ ದಿಮ್ಮಿಯ ಮೇಲೆ ಬಿಸಿಲಿಗೆ ಎದ್ದು ಕಾಣುವ ಕಿತ್ತಳೆಗೆಂಪು ತೆಳು ತಟ್ಟೆ ಪಿಕ್ನೊಪೊರಸ್. ನೋಡಲು ಚೆಂದ, ಕುಡಿಯಲು ಬೇಡ.

ಟರ್ಕಿ ಟೇಲ್ ಎಂದು ಹೆಸರಾದ ಟ್ರಾಮೆಟಿಸ್ ವರ್ಸಿಕಲರ್‌ನ ಸತ್ವದಿಂದ ಮಾಡಿದ ಕ್ರೆಸ್ಟಿನ್ ಎಂಬ ಔಷಧಿಯನ್ನು ಜಪಾನಿನಲ್ಲಿ 1970ರ ದಶಕದಿಂದ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಕೊಡುತ್ತಿದ್ದರು. ಅದನ್ನು ಓದಿದವರು ಬಣ್ಣದ ಪಟ್ಟೆ ಇರುವ ಎಲ್ಲ ತೆಳು ಅಣಬೆಯನ್ನೂ ಅದೇ ಅಂದುಕೊಳ್ಳುತ್ತಾರೆ. ಅಡಿ ಮಗುಚಿ. ನುಣ್ಣಗಿದ್ದು ರಂಧ್ರವೇ ಇಲ್ಲದಿದ್ದರೆ ಸ್ಟೀರಿಯಂ. ಜೇನುಗೂಡಿನಂತೆ ದೊಡ್ಡ ಆರು ಮೂಲೆಯ ಕಣ್ಣಿದ್ದರೆ ಹೆಕ್ಸಗೋನಿಯಾ. ಮೇಲೆ ಮಖಮಲ್ಲಿನಂತಿದ್ದು, ಅಡಿ ಬಿಳಿಯಾಗಿ, ಮಿಲಿಮೀಟರಿಗೆ 3ರಿಂದ 5 ರಂಧ್ರವಿದ್ದು, ಕರಿ ಕಾಗದದ ಮೇಲೆ ಬಿಳಿ ಬೀಜಕ ಬಿದ್ದರೆ ಮಾತ್ರ ಮುಂದಿನ ಮಾತು. ಮರಕ್ಕಂಟಿದ ತಟ್ಟೆಯಣಬೆಯಲ್ಲಿ ವಿಷವೇ ಇಲ್ಲ ಎಂಬ ಮಾತೂ ಸುಳ್ಳು. ಹ್ಯಾಪಲೋಪಿಲಸ್ ಎಂಬ ದಾಲ್ಚಿನ್ನಿ ಬಣ್ಣದ ಮೆತ್ತನೆ ಜಾತಿ ತಿಂದು ಯುರೋಪಿನಲ್ಲಿ ಮೂತ್ರಪಿಂಡ ಕೆಟ್ಟವರಿದ್ದಾರೆ. ಅದಕ್ಕೆ ಮೇಲೆ ಹೇಳಿದ ದ್ರಾವಣ ಬಿಟ್ಟರೆ ನೇರಳೆ ಬಣ್ಣ ಬರುತ್ತದೆ.

ಒಂದು ಸತ್ಯ ಒಪ್ಪಿಕೊಳ್ಳಬೇಕು. ಗ್ಯಾನೋಡರ್ಮಾ ಲ್ಯೂಸಿಡಮ್ ಎಂಬ ಹೆಸರಿನ ‘ಲ್ಯೂಸಿಡಮ್’ ಭಾಗ ಬಂದದ್ದು 1781ರಲ್ಲಿ, ಇಂಗ್ಲೆಂಡಿನ ಅಣಬೆಗೆ. ಚೀನಾದವರು ಲಿಂಗ್‌ಝಿ ಎಂದು ಬೆಳೆಯುವುದು ಬೇರೆ ಪ್ರಭೇದವೆಂದು 2012ರಲ್ಲಿ ಪ್ರತ್ಯೇಕ ಹೆಸರಿಟ್ಟರು. ನಮ್ಮ ಹೊಂಗೆಯ ಬುಡದ್ದು ಈ ಎರಡೇ ಆಗಬೇಕೆಂದೇನೂ ಇಲ್ಲ. ಮಸೂರ, ಕಾಗದ, ಹನಿ ಪರೀಕ್ಷೆ ಕುಲದವರೆಗೆ ಕರೆದೊಯ್ಯುತ್ತವೆ, ಪ್ರಭೇದಕ್ಕೆ ಡಿಎನ್‌ಎ ಬೇಕು. ಚೀನಾದ ಅಧಿಕೃತ ಔಷಧ ಸಂಹಿತೆ ದಿನಕ್ಕೆ 6ರಿಂದ 12 ಗ್ರಾಂ ಒಣ ಅಣಬೆ ಎಂದಿದ್ದರೂ ನಾನು 3 ಗ್ರಾಂ ದಾಟದಿರುವುದಕ್ಕೆ ಇದೇ ಕಾರಣ.

ತಂದ ದಿನವೇ ಹೆಚ್ಚಬೇಕು. ಇದರಲ್ಲಿ ಸೋಮಾರಿತನ ಮಾಡಿದರೆ ಮಾರನೇ ದಿನ ಗರಗಸ ಹುಡುಕಬೇಕಾಗುತ್ತದೆ. ನೀರಲ್ಲಿ ನೆನೆಹಾಕದೆ ಒದ್ದೆ ಬ್ರಷ್ಷಿನಲ್ಲಿ ಮಣ್ಣು ತೆಗೆದು, ಮರಕ್ಕಂಟಿದ ಭಾಗವನ್ನು ಎರಡು ಬೆರಳಗಲ ಕತ್ತರಿಸಿ ಬಿಸಾಡಿ. ತೊಗಟೆ, ಮಣ್ಣು, ಹುಳ ಎಲ್ಲ ಅಲ್ಲೇ ಇರುವುದು. ಉಳಿದದ್ದನ್ನು 3ರಿಂದ 5 ಮಿಲಿಮೀಟರ್ ದಪ್ಪದ ಹೋಳು ಮಾಡಿ. ಈಳಿಗೆಮಣೆ ಸಾಕು, ಬಲಿತದ್ದಕ್ಕೆ ಅಡಕೊತ್ತು ಚೆನ್ನಾಗಿ ಒಗ್ಗುತ್ತದೆ. ಆಗಲೇ ಗಟ್ಟಿಯಾಗಿದ್ದರೆ ಇಡ್ಲಿ ಪಾತ್ರೆಯಲ್ಲಿ 10 ನಿಮಿಷ ಹಬೆಯಲ್ಲಿಟ್ಟು ಬಿಸಿಯಿರುವಾಗಲೇ ಹೆಚ್ಚಿ.

ಮಳೆಗಾಲದಲ್ಲಿ ಬಿಸಿಲನ್ನು ನಂಬಿ ಕೂತರೆ ಹೋಳಿನ ಮೇಲೆ ಹಸಿರು ಬೂಷ್ಟು ಹಿಡಿಯುತ್ತದೆ. ಹಿಡಿದದ್ದನ್ನು ಒರೆಸಿ ಉಳಿಸಿಕೊಳ್ಳಬೇಡಿ, ಅಷ್ಟನ್ನೂ ಎಸೆಯಿರಿ. ನಾನು ಬಿದಿರು ತಟ್ಟಿಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ ಮೊದಲ ದಿನ ಫ್ಯಾನ್ ಗಾಳಿಗೆ ಬಿಟ್ಟು, ಆಮೇಲೆ 50–55 ಡಿಗ್ರಿಯ ಡ್ರೈಯರಿನಲ್ಲಿ 8ರಿಂದ 10 ತಾಸು ಒಣಗಿಸುತ್ತೇನೆ. ಬಗ್ಗಿಸಿದರೆ ‘ಟಕ್’ ಎಂದು ಮುರಿಯಬೇಕು, ಬಾಗಿದರೆ ಇನ್ನೂ ನೀರಿದೆ. 1 ಕಿಲೋ ಹಸಿಯದ್ದು 300 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ತಣಿದ ಮೇಲೆ ಗಾಜಿನ ಡಬ್ಬಕ್ಕೆ ತುಂಬಿ ಮೂರು ದಿನ ಫ್ರೀಜರಿನಲ್ಲಿಟ್ಟು ತೆಗೆದರೆ ಕುಟ್ಟೆಯ ಕಾಟ ಕಡಿಮೆ. ಡಬ್ಬದ ತಳದಲ್ಲಿ ಸಣ್ಣ ಕಂದು ಹಿಟ್ಟು ಕಂಡರೆ ಹುಳ ಬಿದ್ದಿದೆ ಎಂದೇ ಅರ್ಥ.

ಮಿಕ್ಸಿಗೆ ಹಾಕಿದರೆ ಇದು ಪುಡಿಯಾಗುವುದಿಲ್ಲ, ಹತ್ತಿಯಂತೆ ನಾರು ನಾರಾಗಿ ಉಬ್ಬುತ್ತದೆ. ಪುಡಿಯಾದರೂ ನುಂಗಬೇಡಿ. ಅಣಬೆಯ ಜೀವಕೋಶದ ಗೋಡೆಯಲ್ಲಿರುವುದು ಕೈಟಿನ್ ಎಂಬ ಗಟ್ಟಿ ವಸ್ತು, ನಮ್ಮ ಹೊಟ್ಟೆಗೆ ಸುಲಭವಾಗಿ ಕರಗದು. ಬೀಟಾ ಗ್ಲೂಕಾನ್ ಎಂಬ ಸತ್ವ ಹೊರಬರುವುದು ಬಿಸಿನೀರಿನಲ್ಲಿ ಹೆಚ್ಚು ಹೊತ್ತು ಕುದಿಸಿದಾಗ. ಕುದಿಸಿ ಕುಡಿಯುವುದನ್ನು ಬಿಟ್ಟು ಪುಡಿಗೆ ಬದಲಾಯಿಸಿದ ಮೇಲೆ ಲಿವರ್ ಕೆಟ್ಟ ಪ್ರಕರಣ ಹಾಂಗ್‌ಕಾಂಗ್‌ನಿಂದ ವರದಿಯಾಗಿದೆ.

ಅಳತೆ ಹೀಗೆ: ಒಣ ಹೋಳು 3 ಗ್ರಾಂ, ನೀರು 750 ಮಿಲಿ. ರಾತ್ರಿ ನೆನೆಹಾಕಿ ಬೆಳಿಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯ ಮೇಲೆ ಒಂದೂವರೆಯಿಂದ ಎರಡು ತಾಸು, 300 ಮಿಲಿಗೆ ಇಳಿಯುವವರೆಗೆ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ, ತಾಮ್ರ ಮತ್ತು ಅಲ್ಯೂಮಿನಿಯಂ ಬೇಡ. ಉಕ್ಕಿ ಕುದಿಸಿದರೆ ನೀರು ಬೇಗ ಇಂಗಿ ತಳ ಹಿಡಿಯುತ್ತದೆ, ಸತ್ವ ಬಂದಿರುವುದಿಲ್ಲ. ಒಣಶುಂಠಿ, ನಾಲ್ಕು ಮೆಣಸಿನ ಕಾಳು ಕೊನೆಯ ಹತ್ತು ನಿಮಿಷಕ್ಕೆ. ಬಟ್ಟೆಯಲ್ಲಿ ಸೋಸಿ, ಊಟವಾದ ಮೇಲೆ ಎರಡು ಸಲ, 150 ಮಿಲಿಯಂತೆ. ಅದೇ ಹೋಳನ್ನು ಇನ್ನೊಮ್ಮೆ ಕುದಿಸಬಹುದು, ಮೂರನೇ ಸಲಕ್ಕೆ ಬರೀ ಬಣ್ಣದ ನೀರು. ಮೊದಲ ಸಲ ಕುಡಿಯುವವರು 1 ಗ್ರಾಮಿನಿಂದ ಶುರು ಮಾಡಿ ಮೂರು ದಿನ ನೋಡಬೇಕು. ತುರಿಕೆ, ಭೇದಿ, ಬಾಯಿ ಒಣಗುವುದು, ಮೂಗಿನಲ್ಲಿ ರಕ್ತ, ಯಾವುದು ಬಂದರೂ ಅಲ್ಲಿಗೇ ನಿಲ್ಲಿಸಬೇಕು. ಕಹಿಯ ಟ್ರೈಟರ್ಪೀನ್‌ಗಳು ಆಲ್ಕೋಹಾಲಿನಲ್ಲಿ ಚೆನ್ನಾಗಿ ಬಿಡುತ್ತವೆ ಎಂದು ಕೆಲವರು ಸರ್ಜಿಕಲ್ ಸ್ಪಿರಿಟ್ ಹುಡುಕುತ್ತಾರೆ. ಅದರಲ್ಲಿ ಮೆಥನಾಲ್ ಇರಬಹುದು, ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ.

ವಾರ್ಫರಿನ್, ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ, ಬಿಪಿ, ಶುಗರ್ ಮಾತ್ರೆ ತಗೊಳ್ಳುವವರು, ಅಂಗ ಕಸಿ ಮಾಡಿಸಿಕೊಂಡವರು, ಲಿವರ್ ತೊಂದರೆಯವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಗರ್ಭಿಣಿ, ಬಾಣಂತಿ, ಮಕ್ಕಳಿಗೆ ಕೊಡಲೇಬಾರದು. ಆಪರೇಷನ್ನಿಗೆ ಎರಡು ವಾರ ಮೊದಲೇ ಬಿಡಬೇಕು. ಶುಗರ್ ಗುಣವಾಗುತ್ತದೆ ಎಂದು ಮಾರುವವರಿಗೆ ಒಂದೇ ಉತ್ತರ: ಟೈಪ್ 2 ಮಧುಮೇಹದವರ ಮೇಲೆ ನಡೆದ ಪ್ರಯೋಗಗಳನ್ನು ಕೂಡಿಸಿ ನೋಡಿದ 2015ರ ಕಾಕ್ರೇನ್ ಪರಿಶೀಲನೆ, ರಕ್ತದ ಸಕ್ಕರೆ ಇಳಿಸಲು ಇದನ್ನು ಬಳಸಲು ಆಧಾರವಿಲ್ಲ ಎಂದಿತು. ನಾನು ಇದನ್ನು ಕಹಿ ಕಷಾಯವಾಗಿ ವಾರಕ್ಕೆ ಎರಡು ಮೂರು ದಿನ, ಹೆಚ್ಚೆಂದರೆ ಆರು ವಾರ ಬಳಸಿ ನಿಲ್ಲಿಸುತ್ತೇನೆ. ಯಾವ ಮಾತ್ರೆಗೂ ಇದು ಬದಲಿಯಲ್ಲ.

ಡಬ್ಬದ ಮೇಲೆ ಮರದ ಹೆಸರು, ಹೊಲ, ಕೊಯ್ದ ದಿನ ಬರೆಯಿರಿ. ಎರಡು ಮರದ್ದನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ. ಪ್ರತಿ ಕೊಯ್ಲಿನಲ್ಲೂ ಒಂದು ಇಡೀ ತಟ್ಟೆಯನ್ನು ಹೆಚ್ಚದೆ, ಮರಕ್ಕಂಟಿದ ಬುಡದ ಸಮೇತ ಒಣಗಿಸಿ, ಬೀಜಕ ಬಿದ್ದ ಕಾಗದದ ಜೊತೆ ಕವರಿನಲ್ಲಿ ಎತ್ತಿಡಿ, ಆ ಡಬ್ಬ ಖಾಲಿಯಾಗುವವರೆಗೆ. ಕುಡಿದವರಿಗೆ ಏನಾದರೂ ಹೆಚ್ಚುಕಮ್ಮಿಯಾದರೆ ಆಸ್ಪತ್ರೆಗೆ ಒಯ್ಯಬೇಕಾದ್ದು ಆ ಕವರು.