ಮನೆಯಲ್ಲೇ ಕಾರ್ ಚಾರ್ಜಿಂಗ್: ಡಬ್ಬಿ ಕೊಳ್ಳುವ ಮೊದಲು ವೈರು ನೋಡಿ

ಎಲೆಕ್ಟ್ರಿಕ್ ಕಾರು ಬುಕ್ ಮಾಡಿದವರು ಮೊದಲು ಕೇಳುವುದೇ ‘ಮನೆಗೆ ಯಾವ ಚಾರ್ಜರ್ ತಗೊಳ್ಳಲಿ?’ ಎಂದು. ಗೋಡೆಗೆ ಹಾಕುವ ಆ ಡಬ್ಬಿಯ ಆಯ್ಕೆ ನಿಜವಾಗಿ ಕೊನೆಯ ಕೆಲಸ. ದಿನಕ್ಕೆ ಎಷ್ಟು ಓಡಾಟ, ಕಾರು ಎಷ್ಟು ಕರೆಂಟ್ ಎಳೆಯಬಲ್ಲದು, ಮನೆಯ ಸಂಪರ್ಕ ಎಷ್ಟು ತಾಳುತ್ತದೆ, ಮೀಟರಿನಿಂದ ಪಾರ್ಕಿಂಗ್‌ವರೆಗೆ ಎಂಥ ವೈರು ಎಳೆಯಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಇವು ಸರಿಯಿದ್ದರೆ ಸಾಧಾರಣ ಡಬ್ಬಿಯೂ ವರ್ಷಗಟ್ಟಲೆ ದುಡಿಯುತ್ತದೆ. ತಪ್ಪಿದರೆ ದುಬಾರಿ ಡಬ್ಬಿಯೂ ನಡುರಾತ್ರಿ ಟ್ರಿಪ್ ಆಗಿ, ಬೆಳಿಗ್ಗೆ ಬ್ಯಾಟರಿ ಅರ್ಧಕ್ಕೇ ನಿಂತಿರುತ್ತದೆ. ಇಲ್ಲಿನ ಲೆಕ್ಕಗಳೆಲ್ಲ 230 ವೋಲ್ಟ್ ಪೂರೈಕೆಗೆ.

1. ಕಿಲೋಮೀಟರನ್ನು ಯೂನಿಟ್‌ಗೆ ಇಳಿಸಿ

ಮಧ್ಯಮ ಗಾತ್ರದ ಕಾರು ಒಂದು ಕಿಲೋಮೀಟರಿಗೆ ಸುಮಾರು 150ರಿಂದ 160 ವ್ಯಾಟ್‌ ಅವರ್ ಬಳಸುತ್ತದೆ. ದಿನಕ್ಕೆ 40 ಕಿ.ಮೀ. ಓಡಿಸುವವರಿಗೆ 6.4 ಯೂನಿಟ್ (ಒಂದು ಯೂನಿಟ್ ಎಂದರೆ 1000 ವ್ಯಾಟ್ ಅವರ್) ಬೇಕು. ಗೋಡೆಯಿಂದ ಬ್ಯಾಟರಿಗೆ ಹೋಗುವಾಗ ಶೇ 10–15ರಷ್ಟು ಬಿಸಿಯಾಗಿ ಕಳೆದುಹೋಗುವುದರಿಂದ ಮೀಟರಿನಲ್ಲಿ ಓಡುವುದು ಏಳು ಯೂನಿಟ್‌ಗಿಂತ ತುಸು ಹೆಚ್ಚು. 3 ಕಿಲೋವ್ಯಾಟ್ ಎಳೆಯುವ ಸಾದಾ ಪ್ಲಗ್ಗಿನಲ್ಲಿ ಇದು ಎರಡೂವರೆ ಗಂಟೆಯ ಕೆಲಸ. ಕಾರು ರಾತ್ರಿ ಹತ್ತು ಗಂಟೆ ಮನೆಯಲ್ಲೇ ನಿಂತಿರುವಾಗ ಇದಕ್ಕಿಂತ ವೇಗ ಯಾಕೆ ಬೇಕು?

ಬೇಕಾಗುವ ಸಂದರ್ಭಗಳೂ ಇವೆ. ದಿನಕ್ಕೆ 150 ಕಿ.ಮೀ. ಮೀರಿದ ಓಡಾಟ, ಒಂದೇ ಜಾಗದಲ್ಲಿ ಎರಡು ಕಾರು, ರಾತ್ರಿ ಕೆಲವೇ ಗಂಟೆ ಅಗ್ಗದ ದರ ಸಿಗುವ ಮೀಟರ್, ತಡವಾಗಿ ಬಂದು ನಸುಕಿನಲ್ಲೇ ದೂರ ಹೊರಡುವ ಅಭ್ಯಾಸ. 300 ಕಿ.ಮೀ.ಗೆ ಬೇಕಾದ ವಿದ್ಯುತ್ ಒಂದೇ ಸಲಕ್ಕೆ ತುಂಬಲು 3 ಕಿಲೋವ್ಯಾಟ್‌ನಲ್ಲಿ ಸುಮಾರು 18 ಗಂಟೆ ಹಿಡಿದರೆ, 7.4 ಕಿಲೋವ್ಯಾಟ್‌ನಲ್ಲಿ ಏಳೂವರೆ ಗಂಟೆ ಸಾಕು. ತಿಂಗಳಿಗೊಮ್ಮೆ ಮಾತ್ರ ಹೀಗೆ ಬೇಕಾಗುವವರು ಆ ಒಂದು ದಿನ ಹೊರಗಿನ ಫಾಸ್ಟ್ ಚಾರ್ಜರ್‌ಗೆ ಹೋಗುವುದೇ ಲೇಸು.

2. ಕಾರಿನೊಳಗೆ ಏನಿದೆ ನೋಡಿ

ನಾವು ಚಾರ್ಜರ್ ಎಂದು ಕರೆಯುವ ಗೋಡೆಯ ಡಬ್ಬಿ ಅಸಲಿಗೆ ಚಾರ್ಜರ್ ಅಲ್ಲ. ಮನೆಗೆ ಬರುವ ಎಸಿ ವಿದ್ಯುತ್ತನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ‘ಆನ್‌ಬೋರ್ಡ್ ಚಾರ್ಜರ್’ ಕಾರಿನೊಳಗೇ ಇರುತ್ತದೆ. ಡಬ್ಬಿಯದು ಕಾವಲುಗಾರನ ಕೆಲಸ: ಅರ್ತ್ ಸರಿಯಿದೆಯೇ ಎಂದು ಪರೀಕ್ಷಿಸುವುದು, ‘ಇಷ್ಟು ಆಂಪ್ ಮೀರಬೇಡ’ ಎಂದು ಪೈಲಟ್ ತಂತಿಯಲ್ಲಿ ಕಾರಿಗೆ ಸಂಕೇತ ಕೊಡುವುದು, ಒಳಗಿನ ಕಾಂಟ್ಯಾಕ್ಟರ್ ಎಂಬ ಸ್ವಿಚ್ ಜೋಡಿಸಿ ಕರೆಂಟ್ ಬಿಡುವುದು. ಆದ್ದರಿಂದ ಕಾರಿನ ಆನ್‌ಬೋರ್ಡ್ ಚಾರ್ಜರ್ 3.3 ಕಿಲೋವ್ಯಾಟ್‌ನದಾದರೆ ಗೋಡೆಗೆ 22 ಕಿಲೋವ್ಯಾಟ್ ಡಬ್ಬಿ ಹಾಕಿದರೂ ಸಿಗುವುದು 3.3 ಮಾತ್ರ.

ಬಹಳ ಮಂದಿ ಎಡವುವುದು ತ್ರೀ ಫೇಸ್ ವಿಷಯದಲ್ಲಿ. 11 ಕಿಲೋವ್ಯಾಟ್ ಡಬ್ಬಿ ಎಂದರೆ ಮೂರು ಫೇಸಿನಲ್ಲಿ ತಲಾ 16 ಆಂಪ್. 7.4 ಕಿಲೋವ್ಯಾಟ್‌ನ ಸಿಂಗಲ್ ಫೇಸ್ ಕಾರಿಗೆ ಅದನ್ನು ಜೋಡಿಸಿದರೆ ಕಾರು ಒಂದೇ ಫೇಸ್ ಬಳಸಿಕೊಂಡು, 16 ಆಂಪ್‌ಗೆ ಕಟ್ಟುಬಿದ್ದು, 3.7 ಕಿಲೋವ್ಯಾಟ್‌ನಲ್ಲೇ ಕುಂಟುತ್ತದೆ. ಇನ್ನೂ ಚಿಕ್ಕ 7.4 ಕಿಲೋವ್ಯಾಟ್‌ನ ಸಿಂಗಲ್ ಫೇಸ್ ಡಬ್ಬಿ ಅದೇ ಕಾರನ್ನು ಎರಡರಷ್ಟು ವೇಗದಲ್ಲಿ ತುಂಬುತ್ತಿತ್ತು! ಕಾರಿನ ಕೈಪಿಡಿಯಲ್ಲಿ ‘ಎಸಿ ಚಾರ್ಜಿಂಗ್’ ಸಾಲಿನ ಎದುರು ಕಿಲೋವ್ಯಾಟ್ ಎಷ್ಟು, ಫೇಸ್ ಎಷ್ಟು ಎಂಬ ಎರಡನ್ನೂ ಬರೆದುಕೊಳ್ಳಿ.

3. ಮನೆಯ ಸಂಪರ್ಕದಲ್ಲಿ ಎಷ್ಟು ಉಳಿದಿದೆ?

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನಮೂದಾಗಿರುತ್ತದೆ. ರಾತ್ರಿ ಒಟ್ಟಿಗೆ ಓಡುವ ಗೀಸರ್, ಎಸಿ, ಪಂಪು, ಇಂಡಕ್ಷನ್ ಒಲೆಗಳನ್ನು ಕೂಡಿಸಿ, ಉಳಿದದ್ದೆಷ್ಟು ನೋಡಿ. 5 ಕಿಲೋವ್ಯಾಟ್ ಸಂಪರ್ಕದ ಮೇಲೆ 7.4 ಕಿಲೋವ್ಯಾಟ್ ಡಬ್ಬಿ ಕೂರಿಸಿ, ಮೇನ್ ಬ್ರೇಕರ್ ಬೀಳುತ್ತದೆ ಎಂದು ದೂರಿ ಪ್ರಯೋಜನವಿಲ್ಲ.

ದಾರಿ ಮೂರು. ಲೋಡ್ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕಬಹುದು. ಡಬ್ಬಿಯನ್ನು 10 ಅಥವಾ 16 ಆಂಪ್‌ಗೆ ಇಳಿಸಿಡಬಹುದು. ಬಹುತೇಕ ಡಬ್ಬಿಗಳಲ್ಲಿ ಇದಕ್ಕೆ ಒಳಗೆ ಸ್ವಿಚ್ಚೋ ಆ್ಯಪಿನಲ್ಲಿ ಸೆಟ್ಟಿಂಗೋ ಇರುತ್ತದೆ. ಇಲ್ಲವೇ ಲೋಡ್ ಮ್ಯಾನೇಜ್‌ಮೆಂಟ್ ಇರುವ ಡಬ್ಬಿ ತರಬಹುದು. ಮೇನ್ ವೈರಿಗೆ ಸುತ್ತ ಹಾಕಿದ, ಕರೆಂಟ್ ಅಳೆಯುವ ಸಿಟಿ ಕ್ಲ್ಯಾಂಪ್ ಮನೆಯ ಬಳಕೆ ನೋಡುತ್ತಾ ಕಾರಿನ ಪಾಲನ್ನು ಏರಿಳಿಸುತ್ತದೆ. ಗೀಸರ್ ಹಾಕಿದಾಗ ಕಾರು ನಿಧಾನ, ಆರಿಸಿದ ಮೇಲೆ ಮತ್ತೆ ವೇಗ. ಆದರೆ ನಿಯಮದ ಪ್ರಕಾರ ಕನಿಷ್ಠ ಮಟ್ಟ 6 ಆಂಪ್. ಅದಕ್ಕಿಂತ ಕಡಿಮೆ ಉಳಿದರೆ ಚಾರ್ಜಿಂಗ್ ನಿಂತೇಬಿಡುತ್ತದೆ. ಛಾವಣಿಯ ಸೋಲಾರ್‌ನಿಂದಲೇ ಚಾರ್ಜ್ ಮಾಡುವ ಆಸೆಯಿದ್ದವರಿಗೂ ಈ 6 ಆಂಪ್ ಮುಖ್ಯ: ಸಿಂಗಲ್ ಫೇಸಿನಲ್ಲಿ ಸುಮಾರು 1.4 ಕಿಲೋವ್ಯಾಟ್, ತ್ರೀ ಫೇಸಿನಲ್ಲಿ 4.1 ಕಿಲೋವ್ಯಾಟ್ ಮಿಗತೆ ಇದ್ದಾಗ ಮಾತ್ರ ಕಾರು ಎಳೆಯತೊಡಗುತ್ತದೆ.

4. ಪ್ಲಗ್ ಸಾಕೇ, ಡಬ್ಬಿಯೇ ಬೇಕೇ?

ದಿನಕ್ಕೆ 50–60 ಕಿ.ಮೀ. ಒಳಗಿನ ಓಡಾಟಕ್ಕೆ ಕಾರಿನ ಜೊತೆ ಬರುವ ಪೋರ್ಟಬಲ್ ಕೇಬಲ್ ಮತ್ತು ಒಂದು ಒಳ್ಳೆಯ 16 ಆಂಪ್ ಸಾಕೆಟ್ ಧಾರಾಳವಾಗಿ ಸಾಕು. ಆದರೆ ಷರತ್ತಿದೆ. ಆ ಸಾಕೆಟ್ಟಿಗೆ ಮೀಟರ್ ಬೋರ್ಡಿನಿಂದ ಪ್ರತ್ಯೇಕ ವೈರು, ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇರಬೇಕು. ವಾಷಿಂಗ್ ಮಷಿನ್ನಿನ ಸಾಕೆಟ್ಟಿಗೇ ಸಿಕ್ಕಿಸುವುದು, ಕಿಟಕಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಇಳಿಬಿಡುವುದು ಬೇಡವೇ ಬೇಡ.

ಕಾರಣ ಸರಳ. ಇಸ್ತ್ರಿ ಪೆಟ್ಟಿಗೆ, ಗೀಸರ್‌ಗಳು ಹತ್ತಿಪ್ಪತ್ತು ನಿಮಿಷ ಕರೆಂಟ್ ಎಳೆದು ಸುಮ್ಮನಾಗುತ್ತವೆ. ಕಾರು ಎಂಟು ಗಂಟೆ ಬಿಡದೆ 15 ಆಂಪ್ ಎಳೆಯುತ್ತದೆ. ಸಾಕೆಟ್ಟಿನೊಳಗಿನ ಹಿಡಿತ ಸಡಿಲಾಗಿ ಅಲ್ಲಿ 0.1 ಓಮ್ ತಡೆ ಉಂಟಾದರೂ ಆ ಒಂದು ಚುಕ್ಕೆಯಲ್ಲೇ 22 ವ್ಯಾಟ್ ಶಾಖ. ಮೊದಲು ಪ್ಲಗ್ಗಿನ ಪಿನ್ನು ಹೊಳಪು ಕಳೆದುಕೊಂಡು ಕಂದಾಗುತ್ತದೆ, ಆಮೇಲೆ ಸಾಕೆಟ್ಟಿನ ತೂತಿನ ಸುತ್ತ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಕೊನೆಗೆ ಸುಟ್ಟ ವಾಸನೆ. ಕರೆಂಟ್ ಮಿತಿಯೊಳಗೇ ಇರುವುದರಿಂದ ಎಂಸಿಬಿಗೆ ಇದೊಂದೂ ಗೊತ್ತಾಗುವುದಿಲ್ಲ. ಪೋರ್ಟಬಲ್ ಕೇಬಲ್ಲಿನ ನಡುವಿನ ಭಾರವಾದ ಪೆಟ್ಟಿಗೆಯನ್ನು ಪ್ಲಗ್ಗಿನಿಂದ ಜೋತಾಡಲು ಬಿಡುವುದೂ ಹಿಡಿತ ಸಡಿಲಾಗಲು ದೊಡ್ಡ ಕಾರಣ. ಅದಕ್ಕೊಂದು ಕೊಕ್ಕೆ ಹೊಡೆಯಿರಿ. ಮನೆಬಳಕೆಯ ಸಾಕೆಟ್ಟಿಗಿಂತ ಕೈಗಾರಿಕಾ ಮಾದರಿಯ ನೀಲಿ ದುಂಡು ಸಾಕೆಟ್ ಎಷ್ಟೋ ಗಟ್ಟಿ, ನಿಮ್ಮ ಕೇಬಲ್‌ಗೆ ಅದರ ಪ್ಲಗ್ ಸಿಗುವುದಾದರೆ.

5. ವೈರು, ಎಂಸಿಬಿ

ಹಣ ಉಳಿಸಬಾರದ ಜಾಗ ಇದು. 16 ಆಂಪ್ ಸಾಕೆಟ್ಟಿಗೆ 4 ಚದರ ಮಿ.ಮೀ. ತಾಮ್ರದ ವೈರು ಹಾಕಿ, 2.5 ಲೆಕ್ಕಕ್ಕೆ ಸಾಲುತ್ತದಾದರೂ ಇಡೀ ರಾತ್ರಿಯ ಲೋಡಿಗೆ ಬಿಗಿ. 32 ಆಂಪ್ ಡಬ್ಬಿಗೆ ಕನಿಷ್ಠ 6 ಚದರ ಮಿ.ಮೀ. ಬೇಕು.

ದೂರ ಹೆಚ್ಚಾದರೆ ವೋಲ್ಟೇಜ್ ಇಳಿತವನ್ನೂ ಲೆಕ್ಕ ಹಾಕಬೇಕು. 6 ಚ.ಮಿ.ಮೀ. ವೈರಿನಲ್ಲಿ ಪ್ರತಿ ಆಂಪ್‌ಗೆ, ಪ್ರತಿ ಮೀಟರಿಗೆ 7.3 ಮಿಲಿವೋಲ್ಟ್ ಇಳಿಯುತ್ತದೆ. 25 ಮೀಟರ್ ದೂರ, 32 ಆಂಪ್ ಆದರೆ 5.8 ವೋಲ್ಟ್, ಅಂದರೆ ಗೋಡೆಯೊಳಗೆ ಸುಮಾರು 185 ವ್ಯಾಟ್ ಸುಮ್ಮನೆ ಬಿಸಿಯಾಗಿ ಹೋಗುತ್ತದೆ. 50 ಮೀಟರ್ ಆದರೆ ಇಳಿತ ಶೇ 5 ದಾಟುತ್ತದೆ. ಅಲ್ಲಿ 10 ಚ.ಮಿ.ಮೀ. ಹಾಕಿದರೆ ಶೇ 3ಕ್ಕೆ ತರಬಹುದು. ನೆಲಮಾಳಿಗೆಯ ಪಾರ್ಕಿಂಗ್, ಮೀಟರ್ ಕೋಣೆ ಇನ್ನೊಂದು ತುದಿಯಲ್ಲಿ ಎಂಬಂಥ ಬಹುಮಹಡಿ ಕಟ್ಟಡಗಳಲ್ಲಿ ವೈರಿನ ದಾರಿಯನ್ನು ಟೇಪ್ ಹಿಡಿದು ಅಳೆದ ಮೇಲೇ ದಪ್ಪ ನಿರ್ಧರಿಸಿ. ಕಣ್ಣಂದಾಜಿನ 20 ಮೀಟರ್, ಪೈಪು ಸುತ್ತಿ ಬರುವಷ್ಟರಲ್ಲಿ 35 ಆಗಿರುತ್ತದೆ.

ಎಂಸಿಬಿಯದು ಇನ್ನೊಂದು ಕಿರಿಕಿರಿ. 32 ಆಂಪ್ ಎಂಸಿಬಿಯ ಮೇಲೆ ಗಂಟೆಗಟ್ಟಲೆ ಪೂರ್ತಿ 32 ಆಂಪ್ ಹರಿದರೆ, ಅದರಲ್ಲೂ ಅಕ್ಕಪಕ್ಕ ಬಿಸಿಯಾದ ಎಂಸಿಬಿಗಳಿರುವ ಮುಚ್ಚಿದ ಬಾಕ್ಸಿನಲ್ಲಿ, ಯಾವ ದೋಷವೂ ಇಲ್ಲದೆ ಅದು ಬೀಳುತ್ತದೆ. ಆಗ ಕೆಲವರು ಸೀದಾ 40 ಆಂಪ್‌ನದಕ್ಕೆ ಬದಲಿಸುತ್ತಾರೆ. ಪೈಪಿನೊಳಗಿನ 6 ಚ.ಮಿ.ಮೀ. ವೈರು ಬಿಸಿ ವಾತಾವರಣದಲ್ಲಿ 40 ಆಂಪ್ ತಾಳುವುದಿಲ್ಲ. ಬ್ರೇಕರ್ ಬೀಳುವ ಮೊದಲೇ ವೈರು ಬೇಯುತ್ತದೆ. 40 ಆಂಪ್ ಎಂಸಿಬಿ ಬೇಕಿದ್ದರೆ ವೈರು 10 ಚ.ಮಿ.ಮೀ. ಇರಲಿ. 6 ಚ.ಮಿ.ಮೀ. ಈಗಾಗಲೇ ಎಳೆದಾಗಿದ್ದರೆ ಡಬ್ಬಿಯನ್ನೇ 25 ಆಂಪ್‌ಗೆ ಇಳಿಸಿ. ಬೆಳಗಿನೊಳಗೆ ಕಾರು ಹೇಗೂ ತುಂಬಿರುತ್ತದೆ.

6. ಅರ್ತ್, ಆರ್‌ಸಿಸಿಬಿ: ಜೀವದ ಪ್ರಶ್ನೆ

ಡಬ್ಬಿಯಲ್ಲಿ ‘ಅರ್ತ್ ಫಾಲ್ಟ್’ ಕೆಂಪು ದೀಪ ಬಂದರೆ ತಪ್ಪು ಡಬ್ಬಿಯದಲ್ಲ, ಸಾಮಾನ್ಯವಾಗಿ ಮನೆಯದು. ಅರ್ತ್ ಕಂಬಿಯ ಸುತ್ತಲಿನ ಮಣ್ಣು ಒಣಗಿರಬಹುದು, ಕ್ಲಾಂಪ್ ತುಕ್ಕು ಹಿಡಿದಿರಬಹುದು, ಸಾಕೆಟ್‌ವರೆಗೆ ಅರ್ತ್ ವೈರೇ ಬಂದಿರದೆ ಇರಬಹುದು. ಮಲ್ಟಿಮೀಟರ್ ಫೇಸ್–ಅರ್ತ್ ನಡುವೆ 230 ತೋರಿಸಿತೆಂದು ನಂಬಬೇಡಿ. ಅದು ಎಳೆಯುವ ಕರೆಂಟ್ ಅತ್ಯಲ್ಪವಾದ್ದರಿಂದ ಕೆಟ್ಟ ಅರ್ತ್ ಕೂಡ ಅದರ ಕಣ್ಣಿಗೆ ಒಳ್ಳೆಯದೇ. ಅರ್ತ್ ಟೆಸ್ಟರ್ ಅಥವಾ ಲೂಪ್ ಟೆಸ್ಟರ್‌ನಿಂದಲೇ ಅಳೆಸಬೇಕು.

ಕೆಂಪು ದೀಪ ಆರಿಸಲು ಸಾಕೆಟ್ಟಿನೊಳಗೆ ನ್ಯೂಟ್ರಲನ್ನೂ ಅರ್ತನ್ನೂ ತುಂಡು ವೈರಿನಿಂದ ಜೋಡಿಸಿಕೊಡುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅಲ್ಲೇ ಕೆಲಸ ನಿಲ್ಲಿಸಿ. ಹಿಂದೆಲ್ಲೋ ನ್ಯೂಟ್ರಲ್ ಕಡಿದ ಕ್ಷಣ ಕಾರಿನ ಇಡೀ ಲೋಹದ ಮೈಗೆ 230 ವೋಲ್ಟ್ ಬರುತ್ತದೆ. ಮಳೆಯಲ್ಲಿ ಬಾಗಿಲು ಮುಟ್ಟಿದವರ ಗತಿ ಹೇಳಬೇಕಿಲ್ಲ.

ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ 30 ಮಿಲಿ ಆಂಪ್‌ನದಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಅದರ ಟೈಪ್ ಕೇಳುವವರು ಕಡಿಮೆ. ಹಳೆಯ ಮನೆಗಳಲ್ಲಿರುವ ಟೈಪ್ ಎಸಿ ಇಲ್ಲಿಗೆ ಬೇಡ. ಕಾರಿನ ಚಾರ್ಜರ್ ಕೆಟ್ಟಾಗ ಡಿಸಿ ಕರೆಂಟ್ ಸೋರಬಹುದು. ಅದು ಆರ್‌ಸಿಸಿಬಿಯ ಒಳಗಿನ ಕಬ್ಬಿಣದ ಬಳೆಯನ್ನು ಸ್ಯಾಚುರೇಟ್ ಮಾಡಿ, ಆಮೇಲೆ ನಿಜವಾದ ಸೋರಿಕೆಯಾದರೂ ಬೀಳದಂತೆ ಮಾಡುತ್ತದೆ. ಡಬ್ಬಿಯ ವಿವರಪಟ್ಟಿಯಲ್ಲಿ ‘6 ಮಿಲಿ ಆಂಪ್ ಡಿಸಿ ಪತ್ತೆ’ ಎಂದಿದ್ದರೆ ಹೊರಗೆ ಟೈಪ್ ಎ ಸಾಕು. ಇಲ್ಲದಿದ್ದರೆ ಟೈಪ್ ಬಿ, ಅದು ಸಾಕಷ್ಟು ದುಬಾರಿ. ಡಬ್ಬಿಗಳ ಬೆಲೆ ಹೋಲಿಸುವಾಗ ಈ ವ್ಯತ್ಯಾಸವನ್ನೂ ಕೂಡಿಸಿಕೊಳ್ಳಿ.

ಇನ್ನೊಂದು ಸೂಕ್ಷ್ಮ: ಕಾರಿನ ಲೈನನ್ನು ಮನೆಯ ಮುಖ್ಯ ಆರ್‌ಸಿಸಿಬಿಯ ಆಚೆಯಿಂದ, ಅಂದರೆ ಮೀಟರಿನ ಕಡೆಯಿಂದ ತೆಗೆಯಿರಿ. ಮನೆಯ ಆರ್‌ಸಿಸಿಬಿಯ ಕೆಳಗೆ ಟೈಪ್ ಬಿ ಹಾಕಿದರೆ, ಅದು ಬೀಳುವ ಮುನ್ನ ಹರಿಯುವ ಡಿಸಿ ಮೇಲಿನದನ್ನು ಕುರುಡು ಮಾಡಬಲ್ಲದು. ಎರಡು ಕಾರಿದ್ದರೆ ಎರಡಕ್ಕೂ ಬೇರೆ ಬೇರೆ ಆರ್‌ಸಿಸಿಬಿ. ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಹಠಾತ್ ಏರಿದಾಗಿನ ಹೊಡೆತ ತಡೆಯುವ ಸಾಧನ) ಇಲ್ಲದಿದ್ದರೆ ಈ ನೆಪದಲ್ಲೇ ಹಾಕಿಸಿಬಿಡಿ.

7. ಈಗ ಡಬ್ಬಿ

ಕಾರನ್ನು ಎಂದಿನಂತೆ ನಿಲ್ಲಿಸಿ, ಚಾರ್ಜಿಂಗ್ ಪೋರ್ಟಿನಿಂದ ಗೋಡೆಯವರೆಗೆ ಹಗ್ಗ ಹಿಡಿದು ಅಳೆಯಿರಿ. ರಿವರ್ಸ್ ಹಾಕಿ ನಿಲ್ಲಿಸಿದಾಗಲೂ ಅಳೆಯಿರಿ. 5 ಮೀಟರ್ ಕೇಬಲ್ ಹಲವರಿಗೆ ಸಾಕು. ಪೋರ್ಟ್ ಎದುರು ಬದಿಯಲ್ಲಿದ್ದರೆ 7 ಬೇಕಾಗುತ್ತದೆ. ದಿನವೂ ಬಳಸುವವರಿಗೆ ಡಬ್ಬಿಗೇ ಅಂಟಿದ ಕೇಬಲ್ ಅನುಕೂಲ. ಬೇರೆ ಬೇರೆ ಕಾರು ಬರುವ ಜಾಗಕ್ಕೆ ಸಾಕೆಟ್ ಮಾತ್ರ ಇರುವ ಡಬ್ಬಿ ಒಳ್ಳೆಯದು. ಬಯಲಲ್ಲಿ ಹಾಕುವುದಾದರೆ ಧೂಳು–ನೀರು ತಡೆಯುವ ಮಟ್ಟ ಕನಿಷ್ಠ ಐಪಿ 54, ಮಳೆ ನೇರ ಹೊಡೆಯುವಲ್ಲಿ ಐಪಿ 65. ವೈರು ಡಬ್ಬಿಗೆ ಕೆಳಗಿನಿಂದ ಹೋಗಲಿ. ಮೇಲಿನಿಂದ ಬಂದರೆ ಅದರ ಗುಂಟ ನೀರೂ ಇಳಿಯುತ್ತದೆ.

ಆ್ಯಪು, ವೈಫೈಗೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ಸಮಯ ಗೊತ್ತುಮಾಡಿ ಚಾರ್ಜ್ ಮಾಡುವ ಸೌಲಭ್ಯ ಬಹುತೇಕ ಕಾರುಗಳಲ್ಲೇ ಇದೆ, ನೆಲಮಾಳಿಗೆಯಲ್ಲಿ ವೈಫೈ ಸಿಗುವುದೂ ಅಪರೂಪ. ಟೈಮರನ್ನು ಕಾರಿನಲ್ಲೋ ಡಬ್ಬಿಯಲ್ಲೋ ಒಂದು ಕಡೆ ಮಾತ್ರ ಇಡಿ. ಎರಡೂ ಕಡೆ ಇಟ್ಟರೆ ಒಂದು ಇನ್ನೊಂದಕ್ಕೆ ಕಾಯುತ್ತಾ ಬೆಳಗಾಗುತ್ತದೆ.

8. ಮೊದಲ ರಾತ್ರಿಯ ಪರೀಕ್ಷೆ

ಚಾರ್ಜಿಂಗ್ ಶುರುವಾಗಿ ಒಂದು ಗಂಟೆಯ ನಂತರ ಪ್ಲಗ್ ಮತ್ತು ಎಂಸಿಬಿಯ ಮುಂಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಕಾರಿನ ಕಡೆಯಿಂದ ಚಾರ್ಜಿಂಗ್ ನಿಲ್ಲಿಸಿ, ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್‌ಗೆ ಹೇಳಿ. ಹತ್ತರಲ್ಲಿ ಒಂಬತ್ತು ಸಲ ಟರ್ಮಿನಲ್ ಸ್ಕ್ರೂ ಸಡಿಲವಿರುತ್ತದೆ, ಇಲ್ಲವೇ ಎಳೆಎಳೆ ವೈರಿನ ತುದಿಗೆ ಫೆರುಲ್ (ಲೋಹದ ಟೊಪ್ಪಿ) ಹಾಕದೆ ಹಾಗೇ ತುರುಕಿರುತ್ತಾರೆ. ದಿನಾ ಬಿಸಿಯಾಗಿ ತಣ್ಣಗಾಗುವ ತಾಮ್ರ ಸ್ಕ್ರೂ ಕೆಳಗೆ ಕೊಂಚ ಕುಗ್ಗುವುದರಿಂದ, ಒಂದು ತಿಂಗಳ ಮೇಲೆ ಮೇನ್ ಆಫ್ ಮಾಡಿಸಿ ಎಲ್ಲ ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿ ಮಾಡಿಸಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ನನ್ನು ಮೂರು ತಿಂಗಳಿಗೊಮ್ಮೆ ಒತ್ತಿ; ಬೀಳದಿದ್ದರೆ ಅವತ್ತೇ ಬದಲಿಸಿ.