ಐಲೆಟ್ ಆರಿಸಿ ಇನ್ಸುಲಿನ್ ಅಳೆದದ್ದು: ನನ್ನ ಅನುಭವ

ಇನ್ಸುಲಿನ್ ಬಿಡುಗಡೆಯನ್ನು ಹಿಡಿತದಲ್ಲಿಡುವ ಪ್ರೋಟೀನುಗಳ ಹೆಸರೆಲ್ಲ ಎಂ.ಎಸ್ಸಿ. ಓದುವಾಗಲೇ ಬಾಯಿಪಾಠ ಆಗಿದ್ದವು. ಯಾವುದರ ಕೆಲಸ ಎಲ್ಲಿಗೆ ಮುಗಿಯುತ್ತದೆ, ಇನ್ನೊಂದರದ್ದು ಎಲ್ಲಿಂದ ಶುರುವಾಗುತ್ತದೆ ಅನ್ನುವುದು ಮಾತ್ರ, ಮೈಸೂರಿನ ಲ್ಯಾಬಿನಲ್ಲಿ ಒಂದೊಂದನ್ನೇ ಔಷಧಿ ಹಾಕಿ ತಡೆದು ನೋಡಿದ ಮೇಲೆ ತಲೆಗೆ ಹತ್ತಿತು. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ಬೇಕಾದೀತು ಅಂತ ಬರೆಯುತ್ತಿದ್ದೇನೆ.

ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಗೆ ಬಂದ ಮೇಲಷ್ಟೇ ಕೆಲಸ ಶುರು. ಮೇದೋಜ್ಜೀರಕ ಗ್ರಂಥಿಯೊಳಗೆ ಇನ್ಸುಲಿನ್ ಮಾಡುವ ಕೋಶಗಳಿರುವ ಪುಟ್ಟ ಗುಂಪುಗಳೇ ಐಲೆಟ್. ಕೊಲಾಜಿನೇಸ್ ಕಿಣ್ವದಿಂದ ಅವನ್ನು ಬಿಡಿಸುವ ದಾರಿಯನ್ನು ಲೇಸಿ ಮತ್ತು ಕೋಸ್ಟಿಯಾನೋವ್‌ಸ್ಕಿ 1967ರಲ್ಲಿ ತೋರಿಸಿದರು. ನಾವು ಮಾಡುವುದು ಅದನ್ನೇ, ಕೊಂಚ ತಿದ್ದಿಕೊಂಡು. ಚಿಟ್ಟಿಲಿಯ ಪಿತ್ತನಾಳ ಕರುಳಿಗೆ ಸೇರುವ ಜಾಗವನ್ನು ಕ್ಲಾಂಪ್ ಹಾಕಿ ಮುಚ್ಚಿ, ನಾಳದೊಳಕ್ಕೆ ತಣ್ಣನೆಯ ಕಿಣ್ವ ತುಂಬಿಸಬೇಕು. ಮೇದೋಜ್ಜೀರಕ ಗ್ರಂಥಿ ಪೂರ್ತಿ ಉಬ್ಬಿದರೆ ಅರ್ಧ ಗೆದ್ದಂತೆ. ಆಮೇಲೆ 37 ಡಿಗ್ರಿ ನೀರಿನಲ್ಲಿ ಹದಿನೈದು ನಿಮಿಷದ ಆಸುಪಾಸು. ಕಿಣ್ವದ ಲಾಟ್ ಬದಲಾದರೆ ಈ ಸಮಯವೂ ಬದಲಾಗುತ್ತದೆ. ಹೊಸ ಬಾಟಲಿ ಬಂದಾಗಲೆಲ್ಲ ಮತ್ತೆ ಹೊಂದಿಸಿಕೊಳ್ಳಬೇಕು, ಬೇರೆ ದಾರಿಯಿಲ್ಲ.

ಗ್ರಂಥಿಯಲ್ಲಿ ಐಲೆಟ್ ಇರುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಉಳಿದದ್ದೆಲ್ಲ ಜೀರ್ಣರಸ ಮಾಡುವ ಅಂಗಾಂಶ. ಸೂಕ್ಷ್ಮದರ್ಶಕದ ಕೆಳಗೆ ಪಿಪೆಟ್ ಹಿಡಿದು ಒಂದೊಂದೇ ಐಲೆಟ್ ಹೆಕ್ಕುವುದು ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸದಂತೆಯೇ, ಇಲ್ಲಿ ಬೇಕಾದದ್ದು ಕಲ್ಲು ಅಷ್ಟೆ. ಬೆನ್ನು ನೋಯುತ್ತದೆ ಅಂತ ಅವಸರ ಮಾಡಬೇಡಿ. ಜೀರ್ಣಕಿಣ್ವ ಸೇರಿಕೊಂಡರೆ ಅಳೆಯಬೇಕಾದ ಇನ್ಸುಲಿನ್ನನ್ನೇ ಅದು ಕತ್ತರಿಸಿಬಿಡುತ್ತದೆ. ಹೆಕ್ಕಿದ್ದನ್ನು ರಾತ್ರಿಯೆಲ್ಲ ಕಲ್ಚರ್‌ನಲ್ಲಿಟ್ಟರೆ ಸುಧಾರಿಸಿಕೊಳ್ಳುತ್ತವೆ.

ಮಾರನೇ ದಿನ ಒಂದೇ ಗಾತ್ರದ ಹತ್ತತ್ತು ಐಲೆಟ್ ಒಂದೊಂದು ಟ್ಯೂಬಿಗೆ. ಕಡಿಮೆ ಮಟ್ಟದ, ಅಂದರೆ 2.8 ಮಿಲಿಮೋಲಾರ್ ಗ್ಲೂಕೋಸ್‌ನಲ್ಲಿ ಒಂದು ಗಂಟೆ ಸುಮ್ಮನೆ ಬಿಟ್ಟು, ಆಮೇಲೆ ಕೆಲವಕ್ಕೆ ಅದೇ 2.8, ಕೆಲವಕ್ಕೆ ಹೆಚ್ಚಿನ 16.7. ಎರಡರ ನಡುವೆ ಇನ್ಸುಲಿನ್ ಹಲವು ಪಟ್ಟು ಏರದಿದ್ದರೆ ಆ ಬ್ಯಾಚನ್ನೇ ಕೈಬಿಡುತ್ತೇನೆ. ನಮ್ಮ ಮೇಡಂ ಹೇಳುತ್ತಿದ್ದದ್ದೂ ಇಷ್ಟೇ: "ಮೊದಲು ಕಂಟ್ರೋಲ್ ತೋರಿಸಪ್ಪ, ಆಮೇಲೆ ನಿನ್ನ ಪ್ರೋಟೀನು."

ಗ್ಲೂಕೋಸ್ ಒಡೆದು ಕೋಶದ ಶಕ್ತಿಯ ಅಣುವಾದ ಎಟಿಪಿ ಹೆಚ್ಚಾದಾಗ, ಇನ್ಸುಲಿನ್ ಮಾಡುವ ಬೀಟಾ ಕೋಶದ ಪೊರೆಯಲ್ಲಿರುವ ಒಂದು ಪೊಟ್ಯಾಸಿಯಂ ಚಾನಲ್ ಮುಚ್ಚಿಕೊಳ್ಳುತ್ತದೆ, ಇನ್ಸುಲಿನ್ ಬಿಡುಗಡೆಗೆ ಚಾಲನೆ ಸಿಗುವುದು ಆಗಲೇ. ಅದರಲ್ಲಿ ಎರಡು ಪ್ರೋಟೀನು: ರಂಧ್ರವಾಗುವ ಕಿರ್6.2, ಅದನ್ನು ನಿಯಂತ್ರಿಸುವ ಎಸ್‌ಯುಆರ್1. ಕಡಿಮೆ ಗ್ಲೂಕೋಸ್‌ನಲ್ಲೇ ಗ್ಲಿಬೆನ್‌ಕ್ಲಮೈಡ್ ಎಂಬ, ಈ ಚಾನಲ್ ಮುಚ್ಚಿಸುವ ಔಷಧಿ ಹಾಕಿದೆ. ಸಕ್ಕರೆ ಏರದಿದ್ದರೂ ಇನ್ಸುಲಿನ್ ಹೊರಬಂತು. ಮಂಡ್ಯದಲ್ಲಿ ಅಪ್ಪ ನುಂಗುವ ಗ್ಲಿಮೆಪಿರೈಡ್ ಮಾತ್ರೆಯೂ ಹಿಡಿಯುವುದು ಇದೇ ಎಸ್‌ಯುಆರ್1ನ್ನು. ಗದ್ದೆಗೆ ಹೋದವರು ಊಟ ತಪ್ಪಿಸಿದ ದಿನ ಕೈ ನಡುಗಿ ಬೆವರುವುದು ಯಾಕೆ ಅಂತ ಆ ಟ್ಯೂಬು ನೋಡಿದರೇ ಗೊತ್ತಾಗುತ್ತದೆ. ಡಯಾಜಾಕ್ಸೈಡ್ ಉಲ್ಟಾ: ಚಾನಲನ್ನು ತೆರೆದೇ ಇಡುತ್ತದೆ, 16.7ರಲ್ಲೂ ಬಿಡುಗಡೆ ನಿಲ್ಲುತ್ತದೆ.

ನನಗೆ ಬಹಳ ಇಷ್ಟವಾದದ್ದು ಮುಂದಿನ ಹಂತ. ಡಯಾಜಾಕ್ಸೈಡ್ ಇರುವಾಗಲೇ 30 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ ಪೊರೆಯ ವಿದ್ಯುತ್ ವ್ಯತ್ಯಾಸ ಕುಸಿದು, ಕ್ಯಾಲ್ಸಿಯಂ ಚಾನಲ್ ತೆರೆದು, ಇನ್ಸುಲಿನ್ ಬರುತ್ತದೆ. ಈಗ ಪೊಟ್ಯಾಸಿಯಂ ಚಾನಲಿನ ಕೈಯಲ್ಲಿ ಏನೂ ಇಲ್ಲ. ಆದರೂ ಅದೇ ಸ್ಥಿತಿಯಲ್ಲಿ ಗ್ಲೂಕೋಸ್ ಏರಿಸಿದರೆ ಬಿಡುಗಡೆ ಇನ್ನೂ ಹೆಚ್ಚುತ್ತದೆ. ಅಂದರೆ ಗ್ಲೂಕೋಸ್ ಚಾನಲ್ ಮುಚ್ಚಿಸಿ ಕೂರುವುದಿಲ್ಲ, ಅದರಾಚೆಗೂ ಕೆಲಸ ಮಾಡುತ್ತದೆ. ಕ್ಯಾಲ್ಸಿಯಂ ತೆಗೆದ ದ್ರಾವಣದಲ್ಲಿ ಮಾತ್ರ ಎಲ್ಲವೂ ತಣ್ಣಗೆ.

ಕ್ಯಾಲ್ಸಿಯಂ ಒಳಬಂದ ಮೇಲಿನ ಕೆಲಸ ಸ್ನೇರ್ ಪ್ರೋಟೀನುಗಳದ್ದು. ಇನ್ಸುಲಿನ್ ತುಂಬಿದ ಕಣದ ಮೇಲಿನ ವ್ಯಾಂಪ್-2, ಕೋಶಪೊರೆಯ ಸಿಂಟಾಕ್ಸಿನ್-1ಎ ಮತ್ತು ಸ್ನ್ಯಾಪ್-25 ಒಂದಕ್ಕೊಂದು ಹೆಣೆದುಕೊಂಡು ಎರಡು ಪೊರೆಗಳನ್ನು ಬೆಸೆಯುತ್ತವೆ. ಕ್ಯಾಲ್ಸಿಯಂ ಬಂತೆಂದು ಗುರುತಿಸುವುದು ಸಿನ್ಯಾಪ್ಟೊಟ್ಯಾಗ್ಮಿನ್-7. ನರಕೋಶವೂ ಇದೇ ಸರಂಜಾಮು ಬಳಸುವುದರಿಂದ ವೆಸ್ಟರ್ನ್ ಬ್ಲಾಟ್ (ಪ್ರೋಟೀನನ್ನು ಗಾತ್ರದ ಮೇಲೆ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಮಾಡುವಾಗ ಒಂದು ಲೇನಿಗೆ ಇಲಿಯ ಮಿದುಳಿನ ಸ್ಯಾಂಪಲ್ ಹಾಕಿ. ಅಲ್ಲಿ 25 ಕಿಲೋಡಾಲ್ಟನ್ ಹತ್ತಿರ ಸ್ನ್ಯಾಪ್-25 ಕಾಣದಿದ್ದರೆ ಐಲೆಟ್ ಲೇನನ್ನು ನೋಡುವ ಗೋಜಿಗೇ ಹೋಗಬೇಡಿ, ಆಂಟಿಬಾಡಿ ಕೈಕೊಟ್ಟಿದೆ. ಬ್ಯಾಂಡ್ ಅಂದವಾಗಿ ಬಂದರೂ ಪ್ರೋಟೀನು ಇದೆ ಅಂತಷ್ಟೇ ಅರ್ಥ. ಕೆಲಸ ಮಾಡುತ್ತಿದೆ ಅನ್ನಲು ಅದನ್ನು ಕೆಡಿಸಿ ನೋಡಬೇಕು: ಸ್ನ್ಯಾಪ್-25ನ್ನು ಕತ್ತರಿಸುವ ಬೊಟುಲಿನಮ್ ವಿಷವನ್ನು ಇನ್ಸುಲಿನ್ ಸ್ರವಿಸುವ ಕೋಶಗಳ ಒಳಕ್ಕೆ ಸೇರಿಸಿದಾಗ ಬಿಡುಗಡೆ ಕುಗ್ಗುವುದನ್ನು ಸಂಶೋಧಕರು ತೋರಿಸಿದ್ದಾರೆ. ಬ್ಲಾಟ್ ಒಂದನ್ನೇ ಹಿಡಿದು ಪ್ರಬಂಧ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಇನ್ನೊಂದು ಮಾತು. ಟ್ಯೂಬಿನ ದ್ರಾವಣವನ್ನೆಲ್ಲ ಇನ್ಸುಲಿನ್ ಅಳೆಯುವ ಎಲೈಸಾ ಪರೀಕ್ಷೆಗೇ ಖರ್ಚು ಮಾಡಬೇಡಿ. ಒಂದು ಪಾಲಿಗೆ ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ತಡೆಯುವ ಅಪ್ರೋಟಿನಿನ್ ಸೇರಿಸಿ ಫ್ರೀಜರಿಗೆ ಹಾಕಿ. ಐಲೆಟ್‌ನಲ್ಲೇ ಇರುವ ಆಲ್ಫಾ ಕೋಶಗಳು ಬಿಡುವ, ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಹಾರ್ಮೋನ್ ಅಳೆಯಲು ಬೇಕಾಗುತ್ತದೆ. ಆಲ್ಫಾ ಕೋಶದಲ್ಲೂ ಇದೇ ಕಿರ್6.2, ಇದೇ ಎಸ್‌ಯುಆರ್1 ಇವೆ. ಆದರೂ ಗ್ಲೂಕೋಸ್ ಏರಿದಾಗ ಅಲ್ಲಿ ಹಾರ್ಮೋನ್ ಬಿಡುಗಡೆ ಇಳಿಯುತ್ತದೆ. ಯಾಕೆ ಅನ್ನುವ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ.